ಧರ್ಮದ ಕಾರಣ ಹೇಳಿ ಗಿರಾಕಿಯನ್ನು ವಾಪಸ್ ಕಳಿಸಬಹುದಾ?

ನಿಮ್ಮ ಅಣ್ಣ ಅಮೆರಿಕದಲ್ಲಿ ಮದುವೆ ಫೋಟೋಗ್ರಫಿ ಶುರು ಮಾಡುತ್ತಿದ್ದಾರೆ. ಸಲಿಂಗಿಗಳ ಮದುವೆ ತಮ್ಮ ಧರ್ಮಕ್ಕೆ ಒಪ್ಪುವುದಿಲ್ಲ, ಆ ಆರ್ಡರ್ ಬೇಡ ಅನ್ನುತ್ತಾರೆ. ಅವರಿಗೆ ಆ ಸ್ವಾತಂತ್ರ್ಯ ಇದೆಯಾ ಅಂತ ಕೇಳಿದ್ದೀರಿ.

ನಾನು ವಕೀಲನಲ್ಲ. ಪೋಸ್ಟರ್, ಆಮಂತ್ರಣ ಪತ್ರಿಕೆ ಡಿಸೈನ್ ಮಾಡಿ ಬದುಕುವವನು. ಮನಸ್ಸಿಗೆ ಒಗ್ಗದ ಕೆಲಸ ಬಂದಾಗ ಆಗುವ ಕಸಿವಿಸಿ ನನಗೂ ಗೊತ್ತು. ಅದಕ್ಕೇ ಈ ಕೇಸುಗಳ ತೀರ್ಪುಗಳನ್ನು ಕೂತು ಓದಿದೆ.

ನಿಮ್ಮಣ್ಣನ ಕೇಸನ್ನೇ ಹೋಲುವ ಒಂದು ಕೇಸ್ ನ್ಯೂ ಮೆಕ್ಸಿಕೊ ರಾಜ್ಯದಲ್ಲಿ ಆಗಿದೆ. 2006ರಲ್ಲಿ ಒಬ್ಬ ಮಹಿಳೆ ಎಲೇನ್ ಫೋಟೋಗ್ರಫಿ ಅನ್ನುವ ಸಣ್ಣ ಕಂಪನಿಗೆ ಇಮೇಲ್ ಮಾಡಿದರು. ತಾನು ಮತ್ತು ತನ್ನ ಸಂಗಾತಿ, ಇಬ್ಬರೂ ಹೆಂಗಸರು, ಒಂದು ಸಮಾರಂಭ ಇಟ್ಟುಕೊಂಡಿದ್ದೇವೆ, ಫೋಟೋ ತೆಗೆಯುತ್ತೀರಾ ಅಂತ. ಸಾಂಪ್ರದಾಯಿಕ ಮದುವೆಗಳಿಗೆ ಮಾತ್ರ ಬರುತ್ತೇವೆ ಎಂದು ಮರ್ಯಾದೆಯಿಂದಲೇ ಉತ್ತರ ಬಂತು. ಆಮೇಲೆ ಆಕೆಯ ಸಂಗಾತಿ ಇನ್ನೊಂದು ಇಮೇಲ್ ಹಾಕಿದರು. ಮದುವೆ ಇದೆ ಅಂದರು, ಇಬ್ಬರೂ ಹೆಂಗಸರು ಅನ್ನುವುದನ್ನು ಹೇಳಲಿಲ್ಲ. ಈ ಸಲ ರೇಟ್ ಪಟ್ಟಿ ಬಂತು, ಬನ್ನಿ ಭೇಟಿಯಾಗೋಣ ಅನ್ನುವ ಮಾತೂ ಬಂತು!

ಕೇಸಿನ ತಿರುಳೆಲ್ಲ ಆ ಎರಡು ಇಮೇಲ್‌ಗಳಲ್ಲೇ ಇದೆ. ಕೇಳಿದ್ದು ಒಂದೇ ಕೆಲಸ. ಕೇಳಿದವರು ಯಾರು ಅನ್ನುವುದರ ಮೇಲೆ ಉತ್ತರ ಬದಲಾಯಿತು. 2013ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಫೋಟೋಗ್ರಾಫರ್ ವಿರುದ್ಧ ತೀರ್ಪು ಕೊಟ್ಟಿತು. ಬೇರೆಯವರಿಗೆ ಜಾಗ ಬಿಟ್ಟುಕೊಡುವುದು ನಾಗರಿಕರಾಗಿರುವುದಕ್ಕೆ ತೆರಬೇಕಾದ ಬೆಲೆ ಎಂದು ಒಬ್ಬ ನ್ಯಾಯಮೂರ್ತಿ ಬರೆದರು. ಮರುವರ್ಷ ಅಮೆರಿಕದ ಸುಪ್ರೀಂ ಕೋರ್ಟ್ ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲೇ ಇಲ್ಲ.

'ಧರ್ಮದ ಮಾತು ಬಂದರೂ ವಿನಾಯಿತಿ ಇಲ್ಲವೇ?' ಅಂತ ನಿಮಗೆ ಅನಿಸಬಹುದು. ಇದಕ್ಕೆ ಹಳೆಯದೊಂದು ಕಥೆ ಇದೆ. ಸೌತ್ ಕೆರೊಲಿನಾದಲ್ಲಿ ಪಿಗ್ಗಿ ಪಾರ್ಕ್ ಅನ್ನುವ ಹೋಟೆಲ್‌ಗಳಿದ್ದವು. ಕಪ್ಪು ಜನ ಒಳಗೆ ಕೂತು ಊಟ ಮಾಡುವ ಹಾಗಿರಲಿಲ್ಲ. 1964ರ ನಾಗರಿಕ ಹಕ್ಕುಗಳ ಕಾಯ್ದೆ ಬಂದ ಮೇಲೆ ಮಾಲೀಕ ಕೋರ್ಟಿನಲ್ಲಿ ಹೇಳಿದ್ದೂ ಇದೇ ಮಾತು: ಈ ಕಾನೂನು ನನ್ನ ಧರ್ಮಕ್ಕೆ ವಿರುದ್ಧ. 1968ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಂದು ಅಡಿಟಿಪ್ಪಣಿಯಲ್ಲಿ, ಹುರುಳಿಲ್ಲದ ವಾದ ಎಂದು ತಳ್ಳಿಹಾಕಿತು. ಆತನ ನಂಬಿಕೆ ಸುಳ್ಳಾಗಿತ್ತು ಅಂತ ನಾನು ಹೇಳುತ್ತಿಲ್ಲ. ಇರಲಿಕ್ಕಿಲ್ಲ. ಆದರೆ ಧರ್ಮ ಅಂದ ತಕ್ಷಣ ಬಿಟ್ಟುಬಿಡಬೇಕು ಅನ್ನುವ ನಿಯಮ ಮಾಡಿದರೆ ಆತನನ್ನೂ ಬಿಡಬೇಕಾಗುತ್ತದೆ, ಅಲ್ವಾ?

ಇನ್ನೊಂದು ವಿಷಯ ಜನ ಮರೆತೇಬಿಡುತ್ತಾರೆ. ಅದೇ 1964ರ ಕಾಯ್ದೆಯಲ್ಲಿ ಬಣ್ಣ, ಜನಾಂಗದ ಜೊತೆ ಧರ್ಮವೂ ಇದೆ. ನಿಮ್ಮಣ್ಣನ ಹಣೆಯ ಕುಂಕುಮ ನೋಡಿ ಅಲ್ಲಿನ ಲಾಡ್ಜ್‌ನವರು ರೂಮಿಲ್ಲ ಅನ್ನುವ ಹಾಗಿಲ್ಲ. ಇಂಥ ಕಾನೂನುಗಳು ಅವರನ್ನು ಕಟ್ಟಿಹಾಕುವಷ್ಟೇ ಕಾಯುತ್ತವೆ ಕೂಡ.

ಆದರೆ 2013ಕ್ಕೇ ಕಥೆ ಮುಗಿಯಲಿಲ್ಲ. ಸಲಿಂಗಿಗಳ ಮದುವೆಗೆ ಕೇಕ್ ಮಾಡಿಕೊಡಲ್ಲ ಅಂದ ಬೇಕರಿಯ ಕೇಸ್ ಬಗ್ಗೆ ಕೇಳಿರುತ್ತೀರಿ, ಕೊಲೊರಾಡೊ ರಾಜ್ಯದ್ದು. ಬೇಕರಿಯವರು 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿಗಳ 7-2 ಮತದಿಂದ ಗೆದ್ದರು. ಗೆದ್ದದ್ದಕ್ಕೆ ಕಾರಣ ಮಾತ್ರ ಬಹಳ ಸಣ್ಣದು. ವಿಚಾರಣೆ ನಡೆಸಿದ ರಾಜ್ಯ ಆಯೋಗದ ಕೆಲವರು ಅವರ ಧರ್ಮದ ಬಗ್ಗೆ ಹಗುರವಾಗಿ ಮಾತಾಡಿದ್ದರು, ಹಾಗಾಗಿ ವಿಚಾರಣೆ ನ್ಯಾಯವಾಗಿ ನಡೆದಿಲ್ಲ ಅಂದಿತು ಕೋರ್ಟ್. ಅಸಲಿ ಪ್ರಶ್ನೆ ಹಾಗೇ ಉಳಿಯಿತು. ಸುದ್ದಿಯಲ್ಲಿ ಮಾತ್ರ 'ಧರ್ಮ ಗೆದ್ದಿತು' ಅಂತ ಬಂತು, ಸುಮ್ನೆ.

ನಿಜವಾದ ತಿರುವು ಬಂದದ್ದು 2023ರಲ್ಲಿ. ಅದೇ ಕೊಲೊರಾಡೊದ ಒಬ್ಬ ವೆಬ್‌ಸೈಟ್ ಡಿಸೈನರ್ ಕೇಸು, ಆಕೆಯ ಕಂಪನಿಯ ಹೆಸರು 303 ಕ್ರಿಯೇಟಿವ್. ಸಲಿಂಗಿಗಳ ಮದುವೆಗೆ ವೆಬ್‌ಸೈಟ್ ಮಾಡಿಕೊಡಲಾರೆ ಎಂದು ಆಕೆ ಮೊದಲೇ ಕೋರ್ಟಿಗೆ ಹೋದರು. (ಆಗಿನ್ನೂ ಆಕೆ ಒಂದೇ ಒಂದು ಮದುವೆ ವೆಬ್‌ಸೈಟ್ ಕೂಡ ಮಾಡಿರಲಿಲ್ಲ!) ಸುಪ್ರೀಂ ಕೋರ್ಟಿನಲ್ಲಿ 6-3ರಿಂದ ಗೆದ್ದರು. ಗಮನಿಸಿ, ಗೆದ್ದದ್ದು ಧರ್ಮದ ಹೆಸರಲ್ಲಲ್ಲ, ಮಾತಿನ ಸ್ವಾತಂತ್ರ್ಯದ ಹೆಸರಲ್ಲಿ. ಒಬ್ಬರಿಗೆ ಒಪ್ಪದ ಮಾತನ್ನು ಅವರ ಕೈಯಿಂದಲೇ ಬರೆಸಲು ಸರ್ಕಾರಕ್ಕೆ ಅಧಿಕಾರ ಇಲ್ಲ ಅನ್ನುವುದು ವಾದ. ಆಕೆ ಸಲಿಂಗಿ ಗಿರಾಕಿಗಳಿಗೆ ಬೇರೆ ಕೆಲಸ ಮಾಡಿಕೊಡಲು ಸಿದ್ಧ ಅನ್ನುವುದನ್ನು ಎರಡೂ ಕಡೆಯವರು ಒಪ್ಪಿದ್ದರು.

ಮಾತನ್ನು ಒಪ್ಪದಿರುವುದು ಬೇರೆ, ಮನುಷ್ಯರನ್ನು ಒಪ್ಪದಿರುವುದು ಬೇರೆ ಅನ್ನುವ ಈ ಗೆರೆಯನ್ನು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2018ರಲ್ಲಿ ಇನ್ನೂ ಚೆನ್ನಾಗಿ ಎಳೆದಿತ್ತು ಅಂತ ನನಗನಿಸುತ್ತದೆ. ಸಲಿಂಗ ಮದುವೆಯನ್ನು ಬೆಂಬಲಿಸಿ ಅಂತ ಕೇಕ್ ಮೇಲೆ ಬರೆಯಲು ಬೆಲ್‌ಫಾಸ್ಟ್‌ನ ಬೇಕರಿ ಒಪ್ಪಿರಲಿಲ್ಲ. ಆ ಬರಹವನ್ನು ಯಾರು ಕೇಳಿದ್ದರೂ ಅವರು ಒಪ್ಪುತ್ತಿರಲಿಲ್ಲ, ಹಾಗಾಗಿ ತಾರತಮ್ಯ ಅಲ್ಲ ಅಂದಿತು ಕೋರ್ಟ್.

ನಾನೂ ಹೆಚ್ಚುಕಡಿಮೆ ಹೀಗೇ ನಡೆದುಕೊಳ್ಳುತ್ತೇನೆ. ಒಮ್ಮೆ ಒಬ್ಬರು ಇನ್ನೊಂದು ಧರ್ಮದವರನ್ನು ಹೀಯಾಳಿಸುವ ಕರಪತ್ರ ತಂದರು. ಮಾಡಲ್ಲ ಅಂದೆ. ಕೆಲವು ದಿನ ಬಿಟ್ಟು ಅವರೇ ಮಗಳ ಹುಟ್ಟುಹಬ್ಬದ ಕಾರ್ಡ್‌ಗೆ ಬಂದರು. ಸ್ವಲ್ಪ ಮುಜುಗರ ಇಬ್ಬರಿಗೂ. ಚಿಟ್ಟೆ ಬೇಕು ಅಂದರು, ಚಿಟ್ಟೆ ಹಾಕಿಕೊಟ್ಟೆ.

ಈಗ ನಿಮ್ಮಣ್ಣನ ವಿಷಯ. ಫೋಟೋ ತೆಗೆಯುವುದು ವೆಬ್‌ಸೈಟ್ ಬರೆದ ಹಾಗೆ 'ಮಾತು' ಆಗುತ್ತದಾ, ಇಲ್ಲ ಕುರ್ಚಿ ಬಾಡಿಗೆಗೆ ಕೊಟ್ಟ ಹಾಗೆ ಬರೀ ಸೇವೆಯಾ? ಮದುವೆ ಆಲ್ಬಮ್ ಕಟ್ಟುವುದನ್ನು ಮಾತು ಅಂತ 2023ರ ತೀರ್ಪಿನ ಬಲದ ಮೇಲೆ ವಾದಿಸಬಹುದು. ಪಾಸ್‌ಪೋರ್ಟ್ ಫೋಟೋ ತೆಗೆಯಲ್ಲ ಅಂದರೆ ಆ ವಾದ ನಿಲ್ಲುವುದು ಕಷ್ಟ. 'ಇಂಥವರು ಬರಬೇಡಿ' ಅಂತ ಬೋರ್ಡ್ ಹಾಕಿದರಂತೂ ನಿಲ್ಲುವುದೇ ಇಲ್ಲ.

ಅವರು ಯಾವ ರಾಜ್ಯದಲ್ಲಿದ್ದಾರೆ ಅಂತ ನೀವು ಬರೆದಿಲ್ಲ. ಅದು ಮುಖ್ಯ. 1964ರ ಕಾಯ್ದೆಯಲ್ಲಿ ಗಿರಾಕಿಗಳ ಬಗ್ಗೆ ಇರುವ ಭಾಗದಲ್ಲಿ ಲೈಂಗಿಕ ಒಲವಿನ ಮಾತೇ ಇಲ್ಲ. ಅದು ಬರುವುದು ರಾಜ್ಯದ ಅಥವಾ ಊರಿನ ಕಾನೂನಿನಲ್ಲಿ. ಕೆಲವು ಕಡೆ ಇದೆ, ಕೆಲವು ಕಡೆ ಇಲ್ಲ. ಮೊದಲ ಆರ್ಡರ್ ವಾಪಸ್ ಮಾಡುವ ಮುಂಚೆ ಅಲ್ಲಿನ ವಕೀಲರಿಗೆ ಒಂದು ಗಂಟೆಯ ಫೀಸ್ ಕೊಟ್ಟು ಕೇಳಿಕೊಳ್ಳಲಿ. ನ್ಯೂ ಮೆಕ್ಸಿಕೊ ಕಂಪನಿಗೆ ಎದುರಿನವರ ವಕೀಲರ ಫೀಸ್ ಕಟ್ಟಿ ಅಂತಲೇ 6,600 ಡಾಲರ್‌ಗೂ ಜಾಸ್ತಿ ಆದೇಶ ಬಂದಿತ್ತು.