ಹಳೆಯ ಪೋಸ್ಟ್‌ಗಳ ನೋಟ್‌ಬುಕ್

ನಾನು ಆಪ್ತಸಲಹೆಗಾರ್ತಿ. ನನ್ನ ಹತ್ತಿರ ಬಂದ ಒಬ್ಬ ಹುಡುಗನ ಪ್ರಕರಣ ಇದು, ಬರೆಯಲು ಅವನು ಒಪ್ಪಿಗೆ ಕೊಟ್ಟಿದ್ದಾನೆ. ಊರು, ಓದು, ಕೆಲಸ, ಮನೆಯವರ ಗುರುತು ಎಲ್ಲ ಬದಲಿಸಿದ್ದೇನೆ. ಅಮೆರಿಕದಲ್ಲಿರುವ ನಮ್ಮ ಕನ್ನಡದ ಮನೆಗಳಲ್ಲಿ, ಹಳೆಯ ಪೋಸ್ಟ್‌ಗಳಿಂದ ಏನಾಗುತ್ತೋ ಅನ್ನೋ ಇದೇ ಭಯವನ್ನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಅದಕ್ಕೇ ಬರೆಯಬೇಕು ಅನ್ನಿಸಿತು.

ಮೊದಲು ಫೋನ್ ಮಾಡಿದ್ದು ಅವನ ಅಮ್ಮ. "ಮೇಡಂ, ಮೂರು ವಾರದಿಂದ ಸರಿಯಾಗಿ ನಿದ್ದೆ ಮಾಡ್ತಿಲ್ಲ. ರಾತ್ರಿಯೆಲ್ಲ ಫೋನ್ ಹಿಡ್ಕೊಂಡು ಹಳೇದೆಲ್ಲ ನೋಡ್ತಾ ಕೂತಿರ್ತಾನೆ. ಕೇಳಿದ್ರೆ ಸಿಡುಕ್ತಾನೆ."

ಅವನಿಗೆ 26 ವರ್ಷ. ಅಮೆರಿಕದಲ್ಲೇ ಹುಟ್ಟಿದವನು. ರಕ್ಷಣಾ ಇಲಾಖೆಗೆ ಕೆಲಸ ಮಾಡಿಕೊಡುವ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತ್ತು. ಆದರೆ ಆ ಕೆಲಸಕ್ಕೆ ಸೆಕ್ಯೂರಿಟಿ ಕ್ಲಿಯರೆನ್ಸ್ ಬೇಕು. ಅಂದ್ರೆ ಹಿನ್ನೆಲೆ ತನಿಖೆ ಮಾಡಿ ಸರ್ಕಾರ ಕೊಡುವ, ರಹಸ್ಯ ಮಾಹಿತಿ ನೋಡುವ ಅನುಮತಿ. ಅದಕ್ಕೆ ಎಸ್‌ಎಫ್-86 ಅನ್ನೋ ಫಾರಂ ತುಂಬಬೇಕು. ನೂರಕ್ಕಿಂತ ಜಾಸ್ತಿ ಪುಟದ ಫಾರಂ ಅದು. ಎಲ್ಲೆಲ್ಲಿ ವಾಸವಿದ್ದೆ, ಯಾರ ಹತ್ತಿರ ಕೆಲಸ ಮಾಡಿದೆ, ಸಾಲ ಎಷ್ಟಿದೆ, ಬೇರೆ ದೇಶದ ಯಾರ ಜೊತೆ ಒಡನಾಟವಿದೆ, ಎಲ್ಲ ಕೇಳುತ್ತದೆ. ಯಾರೋ ಗೆಳೆಯ ಇವನಿಗೆ "ನಿನ್ನ ಪೋಸ್ಟ್‌ಗಳನ್ನೂ ನೋಡ್ತಾರೆ ಗೊತ್ತಾ?" ಅಂದಿದ್ದ. ಅವತ್ತಿನಿಂದ ನಿದ್ದೆ ಹೋಯಿತು.

ಮೊದಲ ಭೇಟಿಗೆ ಬಂದಾಗ ಬ್ಯಾಗಿನಿಂದ ಒಂದು ಗೆರೆ ಎಳೆದ ನೋಟ್‌ಬುಕ್ ತೆಗೆದು ನನ್ನ ಮುಂದಿಟ್ಟ. ಸ್ಕೇಲ್ ಇಟ್ಟು ಕಾಲಂ ಹಾಕಿದ್ದ. ತಾರೀಖು, ಏನು ಬರೆದೆ, ಯಾರು ಲೈಕ್ ಮಾಡಿದರು, ಕೊನೆಯಲ್ಲಿ 'ಅಪಾಯ', ಹತ್ತಕ್ಕೆ ಎಷ್ಟು ಅಂತ. ಹದಿನಾಲ್ಕನೇ ವಯಸ್ಸಿನಿಂದ ಹಾಕಿದ ಒಂದೊಂದು ಪೋಸ್ಟೂ ಅದರಲ್ಲಿತ್ತು. ಕಾಲೇಜಿನ ಪಾರ್ಟಿಯಲ್ಲಿ ಕೈಯಲ್ಲಿ ಗಾಂಜಾ ಸಿಗರೇಟು ಹಿಡಿದ ಒಂದು ಫೋಟೋ. ಅದಕ್ಕೆ 8 ಅಂಕ. ಸರ್ಕಾರದ ಮೇಲೆ ಸಿಟ್ಟಿನಿಂದ ಬರೆದ ನಾಲ್ಕು ಸಾಲು. ಅದಕ್ಕೆ 7.

ಒಂದಕ್ಕೆ ಮಾತ್ರ 9 ಕೊಟ್ಟಿದ್ದ. ಭಾರತ ಕ್ರಿಕೆಟ್ ಮ್ಯಾಚ್ ಗೆದ್ದ ದಿನ ತಾತನ ಜೊತೆ ಬಾವುಟ ಹಿಡಿದು ತೆಗೆಸಿಕೊಂಡ ಫೋಟೋ ಅದು. ಕೆಳಗೆ "ನಾವು ಗೆದ್ವಿ" ಅಂತ ಬರೆದಿತ್ತು.

"ಇದಕ್ಯಾಕೆ ಎಲ್ಲಕ್ಕಿಂತ ಜಾಸ್ತಿ?" ಅಂತ ಕೇಳಿದೆ.

"ನಾವು ಅಂತ ಬರೆದಿದ್ದೀನಲ್ಲ ಮೇಡಂ. ಯಾರು ನಾವು ಅಂತ ಕೇಳಿದ್ರೆ?"

ಹೇಳುವಾಗ ಅವನ ಗಂಟಲು ಕಟ್ಟಿತು. ಇದು ಬರೀ ಕೆಲಸ ಹೋಗುತ್ತೇನೋ ಅನ್ನೋ ಹೆದರಿಕೆ ಅಲ್ಲ ಅಂತ ನನಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಸಮಾಧಾನ ಮಾಡುವ ಆತುರದಲ್ಲಿ "ಏನೂ ಆಗಲ್ಲ ಬಿಡು" ಅಂದುಬಿಟ್ಟೆ. ಅದು ತಪ್ಪು. ಆ ಭರವಸೆ ಕೊಡುವುದಕ್ಕೆ ನಾನ್ಯಾರು? ಮುಂದಿನ ವಾರ ಅವನ ಕ್ಷಮೆ ಕೇಳಿ ಆ ಮಾತು ವಾಪಸ್ ತೆಗೆದುಕೊಂಡೆ. ಗೊತ್ತಿರುವುದನ್ನು ಮಾತ್ರ ಇಬ್ಬರೂ ಕೂತು ಒಂದೊಂದಾಗಿ ನೋಡೋಣ ಅಂದೆ.

2016ರ ಮೇ ತಿಂಗಳಲ್ಲಿ ಆಗಿನ ರಾಷ್ಟ್ರೀಯ ಗುಪ್ತಚರ ನಿರ್ದೇಶಕ ಜೇಮ್ಸ್ ಕ್ಲಾಪರ್ ಸಹಿ ಹಾಕಿದ ಒಂದು ನಿರ್ದೇಶನ ಇದೆ. ಕ್ಲಿಯರೆನ್ಸ್ ತನಿಖೆಯಲ್ಲಿ ಸಾಮಾಜಿಕ ಜಾಲತಾಣ ನೋಡಬಹುದು ಅಂತ ಅದು ಹೇಳುತ್ತದೆ. ಆದರೆ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದನ್ನು ಮಾತ್ರ. ಪಾಸ್‌ವರ್ಡ್ ಕೇಳುವ ಹಾಗಿಲ್ಲ. ನಿಮ್ಮ ಖಾಸಗಿ ಅಕೌಂಟ್‌ಗೆ ಲಾಗಿನ್ ಆಗಿ ತೋರಿಸಿ ಅನ್ನುವ ಹಾಗಿಲ್ಲ. ಇದನ್ನು ಓದಿ ಹೇಳಿದಾಗ ಅವನ ಭುಜ ಸ್ವಲ್ಪ ಇಳಿಯಿತು. ಮನೆಯವರ ವಾಟ್ಸಾಪ್ ಗುಂಪಿನ ಒಂದೊಂದು ಮೆಸೇಜನ್ನೂ ಯಾರೋ ಓದುತ್ತಾರೆ ಅಂದುಕೊಂಡಿದ್ದನಂತೆ. ಅದಕ್ಕೇ ಗುಂಪು ಬಿಟ್ಟಿದ್ದ.

ಗುಂಪು ಮಾತ್ರ ಅಲ್ಲ, ಇಂಡಿಯಾದಲ್ಲಿರುವ ಎಲ್ಲ ನೆಂಟರನ್ನೂ ಫ್ರೆಂಡ್ ಲಿಸ್ಟ್‌ನಿಂದ ತೆಗೆದಿದ್ದ. ದೊಡ್ಡಪ್ಪನ ಮಗಳು ಅಂದ್ರೆ ಅವನಿಗೆ ಸ್ವಂತ ಅಕ್ಕನಿಗಿಂತ ಜಾಸ್ತಿ. ಅವಳು ಸರ್ಕಾರಿ ಬ್ಯಾಂಕಿನಲ್ಲಿದ್ದಾಳೆ. 'ವಿದೇಶಿ ಸರ್ಕಾರ' ಅನ್ನೋ ಪದ ಫಾರಂನಲ್ಲಿ ನೋಡಿದ ದಿನವೇ ಅವಳ ಫೋನ್ ತೆಗೆಯುವುದನ್ನು ನಿಲ್ಲಿಸಿದ್ದ. ಅಜ್ಜಿ ಅವನ ಅಮ್ಮನಿಗೆ ಫೋನ್ ಮಾಡಿ, "ನಾನೇನಾದ್ರೂ ತಪ್ಪು ಮಾತಾಡಿದ್ನಾ?" ಅಂತ ಕೇಳಿದರಂತೆ.

ನನ್ನ ಮನಸ್ಸಿಗೆ ಹೆಚ್ಚು ನೋವಾದದ್ದು ಇದೇ. ಫಾರಂ ಕೇಳುವುದು ಸಂಬಂಧಗಳನ್ನು ತಿಳಿಸು ಅಂತ. ಕಡಿದುಕೋ ಅಂತ ಎಲ್ಲೂ ಇಲ್ಲ. ಕಳೆದ ಏಳು ವರ್ಷದಲ್ಲಿ ಹತ್ತಿರದ ಒಡನಾಟ ಇಟ್ಟುಕೊಂಡ ವಿದೇಶಿಯರ ಹೆಸರು, ಕೆಲಸ, ಎಷ್ಟು ದಿನಕ್ಕೊಮ್ಮೆ ಮಾತಾಡುತ್ತೀರಿ, ಇಷ್ಟನ್ನು ಬರೆಯಬೇಕು. ಅಕ್ಕ ಇದ್ದಾಳೆ, ಬ್ಯಾಂಕಿನಲ್ಲಿದ್ದಾಳೆ, ವಾರಕ್ಕೊಮ್ಮೆ ಮಾತಾಡ್ತೀವಿ. ನಿಜ ಇಷ್ಟೇ ಅಲ್ವಾ? ಬರೆಯಬಹುದಾದ ನಿಜ ಅದು.

ಮೂರನೇ ಭೇಟಿಗೆ ಅಪ್ಪನನ್ನೂ ಕರೆದೆ. ಅವರು ಬಂದವರೇ ಹೇಳಿದರು: "ಎಲ್ಲಾ ಅಳಿಸಿಬಿಡು ಅಂತ ನಾನೇ ಹೇಳಿದ್ದು ಮೇಡಂ. ಗಾಂಜಾ ವಿಷಯ ಬರೀಬೇಡ ಅಂತಾನೂ ನಾನೇ ಹೇಳಿದ್ದು. ತಪ್ಪೇನು? ಆ ಟೆಕ್ಸೇರಾ ಹುಡುಗನ ಕಥೆ ಗೊತ್ತಲ್ಲ, ಇಂಟರ್‌ನೆಟ್‌ನಲ್ಲಿ ಹಾಕಿದ್ದಕ್ಕೇ ಜೈಲಿಗೆ ಹೋದ."

ಟೆಕ್ಸೇರಾ ಅಮೆರಿಕದ ವಾಯುಪಡೆಯ ಮೀಸಲು ಪಡೆಯಾದ ಏರ್ ನ್ಯಾಷನಲ್ ಗಾರ್ಡ್‌ನಲ್ಲಿದ್ದವನು. ರಹಸ್ಯ ದಾಖಲೆಗಳನ್ನು ಡಿಸ್ಕಾರ್ಡ್ ಅನ್ನೋ ಚಾಟ್ ಜಾಲತಾಣದಲ್ಲಿ ಹಂಚಿದ್ದಕ್ಕೆ 2023ರಲ್ಲಿ ಬಂಧನವಾಯಿತು, ಮರುವರ್ಷ 15 ವರ್ಷ ಶಿಕ್ಷೆಯಾಯಿತು. ದೇಶದ ಗುಟ್ಟು ಹೊರಗೆ ಹಾಕಿದವನನ್ನೂ ಬಾವುಟ ಹಿಡಿದು ತಾತನ ಪಕ್ಕ ನಿಂತ ಹುಡುಗನನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಅಂದೆ. ಅಪ್ಪ ಸುಮ್ಮನಾದರು. ಸ್ವಲ್ಪ ಹೊತ್ತಾದ ಮೇಲೆ ಅವರೇ ಮಾತು ಶುರು ಮಾಡಿದರು. ಗ್ರೀನ್ ಕಾರ್ಡ್‌ಗೆ ಒಂಬತ್ತು ವರ್ಷ ಕಾದಿದ್ದರಂತೆ. ಯಾವ ಕಾಗದದಲ್ಲಿ ಏನು ತಪ್ಪಾಗುತ್ತೋ, ಯಾವಾಗ ಹೊರಡಿ ಅಂತಾರೋ ಅನ್ನೋ ಭಯದಲ್ಲೇ ಆ ವರ್ಷಗಳು ಹೋದವಂತೆ.

ಮಗ ಅವರನ್ನೇ ನೋಡುತ್ತಿದ್ದ. "ಇದನ್ನ ನೀನು ಯಾವತ್ತೂ ಹೇಳಿರಲಿಲ್ಲ ಅಪ್ಪ" ಅಂದ.

"ಏನಂತ ಹೇಳೋದು ಮಗಾ."

ಆ ಭಯ ಅಪ್ಪನಿಂದ ಮಗನಿಗೆ ಬಂದಿತ್ತು. ಇಲ್ಲೇ ಹುಟ್ಟಿದ ಹುಡುಗ 'ನಾವು' ಅನ್ನೋ ಪದಕ್ಕೆ 9 ಅಂಕ ಯಾಕೆ ಕೊಟ್ಟ ಅಂತ ನನಗೆ ಆಗ ಅರ್ಥವಾಯಿತು.

ಗಾಂಜಾ ವಿಷಯದಲ್ಲಿ ಅಪ್ಪನ ಸಲಹೆಯನ್ನು ನಾನು ಸ್ಪಷ್ಟವಾಗಿ ವಿರೋಧಿಸಿದೆ. ಅವನು ಸೇದಿದ್ದು ಐದು ವರ್ಷದ ಹಿಂದೆ, ಮೂರು ಸಲ. ಫಾರಂ ಏಳು ವರ್ಷದ್ದು ಕೇಳುತ್ತದೆ. ಅವನಿದ್ದ ರಾಜ್ಯದಲ್ಲಿ ಅದು ಕಾನೂನುಬದ್ಧವಾಗಿದ್ದರೂ ಇಡೀ ದೇಶದ ಫೆಡರಲ್ ಕಾನೂನು ಒಪ್ಪುವುದಿಲ್ಲ, ಆದ್ದರಿಂದ ಬರೆಯಲೇಬೇಕು. ಹಾಗಂತ ಬರೆದ ತಕ್ಷಣ ಬಾಗಿಲು ಮುಚ್ಚುವುದಿಲ್ಲ. ಹಿಂದೆ ಗಾಂಜಾ ಸೇದಿದ್ದನ್ನು ಗಮನಿಸಬೇಕು, ಆದರೆ ಅದೊಂದರ ಮೇಲೆ ತೀರ್ಮಾನ ಮಾಡಬಾರದು ಅಂತ 2021ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಗುಪ್ತಚರ ನಿರ್ದೇಶಕರ ಕಚೇರಿಯೇ ತಿಳಿಸಿದೆ. ತೀರ್ಮಾನಕ್ಕೆ ಬಳಸುವ 13 ಮಾರ್ಗಸೂಚಿಗಳೂ ಇಡೀ ಮನುಷ್ಯನನ್ನು ನೋಡಿ ಅನ್ನುತ್ತವೆ. ಎಷ್ಟು ಹಳೆಯದು, ಆಗ ವಯಸ್ಸೆಷ್ಟು, ಮತ್ತೆ ಮಾಡಿದ್ದಾನಾ, ಈಗ ಹೇಗಿದ್ದಾನೆ ಅಂತ ನೋಡುತ್ತಾರೆ. ಬೇಕಂತಲೇ ಸುಳ್ಳು ಬರೆದರೆ ಮಾತ್ರ ಅದೇ ಬೇರೆ ಅಪರಾಧ. ಐದು ವರ್ಷದವರೆಗೆ ಜೈಲು ಆಗಬಹುದು. ಫಾರಂನಲ್ಲಿ 'ಇಲ್ಲ' ಅಂತ ಬರೆದು, ಅಳಿಸಿದ ಆ ಫೋಟೋ ಬೇರೆ ಯಾರದೋ ಅಕೌಂಟ್‌ನಲ್ಲಿ ಸಿಕ್ಕರೆ?

ಅಕೌಂಟನ್ನು ಖಾಸಗಿ ಮಾಡಿಕೊಳ್ಳುವುದರಲ್ಲಿ ತಪ್ಪಿಲ್ಲ, ಆದರೆ ತನಿಖೆ ಶುರುವಾಗುವ ಹೊತ್ತಿಗೆ ರಾತ್ರೋರಾತ್ರಿ ಎಲ್ಲ ಅಳಿಸಬೇಡ ಅಂದೆ. ಸರ್ಕಾರವನ್ನು ಟೀಕಿಸಿದ್ದು ಸಂವಿಧಾನ ಕೊಟ್ಟ ಹಕ್ಕು. ಹಿಂಸೆಗೆ ಕುಮ್ಮಕ್ಕು, ಬೆದರಿಕೆ ಇದ್ದರೆ ಮಾತು ಬೇರೆ. ಅವನ ಸಾಲುಗಳಲ್ಲಿ ಅದೇನೂ ಇರಲಿಲ್ಲ. ಕಾನೂನಿನ ಅನುಮಾನಗಳಿಗೆ ಮಾತ್ರ ಕ್ಲಿಯರೆನ್ಸ್ ಪ್ರಕರಣ ನೋಡುವ ವಕೀಲರನ್ನು ಕಾಣಲು ಹೇಳಿದೆ. ಒಂದು ಸಲ ಹೋಗಿ ಬಂದ.

ಮನಸ್ಸಿನ ಕಡೆಗೆ ನಾನು ಕೊಟ್ಟ ಸಲಹೆ ಚಿಕ್ಕದು. ನೋಟ್‌ಬುಕ್ ಅಮ್ಮನ ಬೀರುವಿನಲ್ಲಿ ಇರಲಿ. ಕತ್ತಲಾದ ಮೇಲೆ ತೆಗೆಯುವುದು ಬೇಡ. ಶನಿವಾರ ಬೆಳಿಗ್ಗೆ ಅರ್ಧ ಗಂಟೆ, ಅಪ್ಪ ಪಕ್ಕದಲ್ಲಿ ಕೂತಿರುವಾಗ ನೋಡಲಿ. ಅಂಕ ಕೊಡುವ ಬದಲು ಪ್ರತಿ ಪೋಸ್ಟ್ ಎದುರಿಗೆ ಒಂದೇ ಪ್ರಶ್ನೆ: ಫಾರಂ ಇದನ್ನು ಕೇಳುತ್ತಾ? ಕೇಳಿದರೆ ಒಂದು ಗುರುತು. ಇಲ್ಲದಿದ್ದರೆ ಆ ಸಾಲಿನ ಮೇಲೆ ಗೆರೆ. ಎರಡು ಶನಿವಾರ ಆಗುವಷ್ಟರಲ್ಲಿ ಗುರುತು ಉಳಿದದ್ದು ಎರಡಕ್ಕೆ ಮಾತ್ರ, ಗಾಂಜಾ ಮತ್ತು ಅಕ್ಕ.

ಇನ್ನೊಂದು ಪ್ರಶ್ನೆಯನ್ನು ಬಾಗಿಲ ಹತ್ತಿರ ನಿಂತು ಕೇಳಿದ. "ನಿಮ್ಮ ಹತ್ರ ಬಂದಿದ್ದೂ ಬರೀಬೇಕಾ ಮೇಡಂ?" ಎಷ್ಟೋ ಜನ ಇದೇ ಹೆದರಿಕೆಯಿಂದ ನಮ್ಮ ಹತ್ತಿರ ಬರುವುದೇ ಇಲ್ಲ. ಫಾರಂನಲ್ಲಿ ಮನಸ್ಸಿನ ಆರೋಗ್ಯದ ಬಗ್ಗೆ 2016ರಲ್ಲಿ ಬದಲಾದ ಪ್ರಶ್ನೆಗಳು ಕೋರ್ಟ್ ಆದೇಶ, ಮನಸ್ಸಿನ ತೊಂದರೆಗೆ ಆಸ್ಪತ್ರೆಗೆ ಸೇರಿದ್ದು, ಹೆಸರಿಸಿದ ಕೆಲವು ತೀವ್ರ ಮಾನಸಿಕ ಕಾಯಿಲೆಗಳು, ವಿವೇಚನೆಯನ್ನೇ ಕೆಡಿಸುವಂಥ ತೊಂದರೆ, ಇಂಥವನ್ನು ಕೇಳುತ್ತವೆ. ಆತಂಕಕ್ಕೆ ಆಪ್ತಸಲಹೆ ತೆಗೆದುಕೊಂಡೆ ಅನ್ನುವುದನ್ನಲ್ಲ. ಸಹಾಯ ಕೇಳಿದ ಮಾತ್ರಕ್ಕೆ ಕ್ಲಿಯರೆನ್ಸ್ ನಿರಾಕರಿಸುವುದಿಲ್ಲ ಅಂತ ಫಾರಂನಲ್ಲೇ ಇದೆ. ಆ ಪುಟವನ್ನು ಅವನ ಕೈಯಲ್ಲೇ ಓದಿಸಿದೆ.

ಫಾರಂ ಕಳಿಸುವ ಹಿಂದಿನ ಭಾನುವಾರ ಅಕ್ಕನಿಗೆ ಫೋನ್ ಮಾಡಿದ. ಎರಡು ತಿಂಗಳು ಯಾಕೆ ಮಾತಾಡಲಿಲ್ಲ ಅಂತ ಹೇಳಿದ, ಅತ್ತ. "ನಿನ್ನ ಹೆಸರು ಬರೀತಾ ಇದ್ದೀನಿ ಅಕ್ಕ, ಪರವಾಗಿಲ್ವಾ?" ಅಂತ ಕೇಳಿದ. ಅವಳು ತನ್ನ ಬ್ಯಾಂಕಿನ ಪೂರ್ತಿ ವಿಳಾಸವನ್ನು ಪಿನ್‌ಕೋಡ್ ಸಮೇತ ನಿಧಾನವಾಗಿ ಹೇಳಿ ಬರೆಸಿದಳಂತೆ. ಆಮೇಲೆ ಫೋನ್ ಅಜ್ಜಿಯ ಕೈಗೆ ಕೊಟ್ಟಳಂತೆ.

ತನಿಖೆ ಇನ್ನೂ ನಡೆಯುತ್ತಿದೆ. ಅವನು ತಿಂಗಳಿಗೊಮ್ಮೆ ಬರುತ್ತಾನೆ. ನಿದ್ದೆ ಸುಮಾರಾಗಿ ಬರುತ್ತಿದೆ. ತಾತನ ಜೊತೆಗಿನ ಫೋಟೋ ಹಾಗೇ ಇದೆ.