ನುಂಗಿದ್ದರಲ್ಲಿ ಜೀರ್ಣವಾಗದೆ ಉಳಿಯುವುದೇನು?

ಪ್ರಶ್ನೆ: ನಾನು ಕನ್ನಡದಲ್ಲಿ ಒಂದು ವೈಜ್ಞಾನಿಕ ಕಾದಂಬರಿ ಬರೆಯುತ್ತಿದ್ದೇನೆ. ಅಘನಾಶಿನಿ ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನಲ್ಲಿ ಅಡಗಿರುವ ಒಂದು ಜೀವಿ ಎದುರಾದ ಪ್ರಾಣಿಗಳನ್ನು ತನ್ನ ಮೈಯೊಳಗೆ ಸೇರಿಸಿಕೊಂಡು ಅವುಗಳ ರೂಪವನ್ನೂ ಶಕ್ತಿಯನ್ನೂ ಪಡೆಯುತ್ತದೆ. ಹಸ್ತಪ್ರತಿ ಓದಿದ ಗೆಳೆಯರು, "ಇದು ಏನು ಬೇಕಾದರೂ ಆಗಬಲ್ಲದು, ಆದ್ದರಿಂದ ಇದರ ಬಗ್ಗೆ ಭಯವೇ ಹುಟ್ಟುವುದಿಲ್ಲ" ಎನ್ನುತ್ತಾರೆ. ಈ ಜೀವಿಗೆ ಜೀವವಿಜ್ಞಾನದ ಆಧಾರ ಕೊಡುವುದು ಹೇಗೆ?

ಉತ್ತರ: ನಿಮ್ಮ ಗೆಳೆಯರು ಸರಿಯಾದ ಜಾಗವನ್ನೇ ಗುರುತಿಸಿದ್ದಾರೆ. ಇಂಥ ಜೀವಿಯನ್ನು ಕಲ್ಪಿಸುವಾಗ ಅದು ಏನೇನು ಆಗಬಲ್ಲದು ಎಂಬ ಪಟ್ಟಿಯಿಂದ ಆರಂಭಿಸಬೇಡಿ. ಅದು ನುಂಗಿದ ಪ್ರಾಣಿಯಲ್ಲಿ ಯಾವ ಅಂಶ ಜೀರ್ಣವಾಗದೆ ಉಳಿಯುತ್ತದೆ ಎಂಬ ಒಂದೇ ಪ್ರಶ್ನೆಯಿಂದ ಆರಂಭಿಸಿ. ಸಾಮಾನ್ಯ ಜೀರ್ಣಕ್ರಿಯೆ ತಿಂದದ್ದರ ಗುರುತನ್ನೇ ಅಳಿಸಿಹಾಕುತ್ತದೆ. ಪ್ರೋಟೀನುಗಳು ಅಮೈನೋ ಆಮ್ಲಗಳಾಗಿ ಒಡೆಯುತ್ತವೆ, ಕೊಬ್ಬು ಕೊಬ್ಬಿನಾಮ್ಲಗಳಾಗುತ್ತದೆ, ಡಿಎನ್‌ಎ ಕೂಡ ಚೂರುಚೂರಾಗುತ್ತದೆ. ಕುರಿಮಾಂಸ ಉಂಡವರ ಮೈಮೇಲೆ ಉಣ್ಣೆ ಬೆಳೆಯದಿರುವುದಕ್ಕೆ ಕಾರಣ ಇದೇ. ಬಲಿಯಿಂದ ಏನನ್ನಾದರೂ ಪಡೆಯಬೇಕೆಂದರೆ ನಿಮ್ಮ ಜೀವಿ ಜೀರ್ಣಕ್ರಿಯೆಯನ್ನು ನಡುದಾರಿಯಲ್ಲಿ ನಿಲ್ಲಿಸಬೇಕಾಗುತ್ತದೆ. ಎಲ್ಲಿ ನಿಲ್ಲಿಸುತ್ತದೆ ಎಂಬುದರ ಮೇಲೆ ಅದರ ಶಕ್ತಿ, ಮಿತಿ, ಅಪಾಯ ಮೂರೂ ನಿರ್ಧಾರವಾಗುತ್ತವೆ.

ನಮ್ಮ ಪುರಾಣಕಥೆಗಳಿಗೆ ಈ ಸೂಕ್ಷ್ಮ ಗೊತ್ತಿತ್ತು. ಇಲ್ವಲನು ತಮ್ಮ ವಾತಾಪಿಯನ್ನು ಟಗರಾಗಿಸಿ, ಕೊಯ್ದು, ಬೇಯಿಸಿ ಅತಿಥಿಗಳಿಗೆ ಬಡಿಸುತ್ತಿದ್ದ. ಊಟವಾದ ಮೇಲೆ ಹೆಸರು ಹಿಡಿದು ಕರೆದರೆ ವಾತಾಪಿ ಹೊಟ್ಟೆ ಸೀಳಿಕೊಂಡು ಹೊರಗೆ ಬರುತ್ತಿದ್ದ. ಅಗಸ್ತ್ಯರು "ವಾತಾಪಿ ಜೀರ್ಣೋ ಭವ" ಎಂದಾಗಲೇ ಆ ಆಟ ಮುಗಿದದ್ದು. ಮಗುವಿಗೆ ಉಣಿಸಿ ಹೊಟ್ಟೆ ಸವರುವ ಅಜ್ಜಿಯರ ಬಾಯಲ್ಲಿ ಈಗಲೂ ಅದೇ ಮಾತು ಬರುತ್ತದೆ. ಆ ಕಥೆಯಲ್ಲಿ ಭಯ ಇರುವುದು ಜೀರ್ಣವಾಗದೆ ಉಳಿದ ಆಹಾರದಲ್ಲಿ. ನಿಮ್ಮ ಕಾದಂಬರಿಯ ಭಯವೂ ಅಲ್ಲಿಯೇ ಇದೆ.

ನಿಸರ್ಗದಲ್ಲಿ ಇದಕ್ಕೆ ಅತಿ ಹತ್ತಿರದ ನಿದರ್ಶನ ಉತ್ತರ ಅಮೆರಿಕದ ಪೂರ್ವ ಕರಾವಳಿಯ ಉಪ್ಪುನೀರಿನ ಜೌಗಿನಲ್ಲಿರುವ ಎಲಿಸಿಯಾ ಕ್ಲೋರೋಟಿಕಾ. ಕೆಲವೇ ಸೆಂಟಿಮೀಟರ್ ಉದ್ದದ ಈ ಚಿಪ್ಪಿಲ್ಲದ ಕಡಲ ಬಸವನಹುಳು ಮರಿಯಾಗಿದ್ದಾಗ ಕಂದುಬಣ್ಣದ್ದು, ಮೈಮೇಲೆ ಕೆಂಪು ಚುಕ್ಕೆಗಳು. ಅದು ವಾಚೇರಿಯಾ ಎಂಬ ಎಳೆಪಾಚಿಯನ್ನು ಹಲ್ಲಿನಿಂದ ಚುಚ್ಚಿ ಒಳಗಿನ ರಸವನ್ನು ಹೀರುತ್ತದೆ. ಉಳಿದದ್ದೆಲ್ಲ ಜೀರ್ಣವಾದರೂ ಪಾಚಿಯ ಹರಿತ್ಕಣಗಳನ್ನು (ಬೆಳಕಿನಿಂದ ಆಹಾರ ತಯಾರಿಸುವ ಹಸಿರು ಕಣಗಳನ್ನು) ಮಾತ್ರ ಹಾಗೆಯೇ ಉಳಿಸಿಕೊಂಡು, ಮೈತುಂಬ ಕವಲೊಡೆದ ಜೀರ್ಣನಾಳದ ಜೀವಕೋಶಗಳೊಳಗೆ ಇರಿಸಿಕೊಳ್ಳುತ್ತದೆ. ಕ್ರಮೇಣ ಇಡೀ ಪ್ರಾಣಿ ಅಚ್ಚಹಸಿರಾಗಿ, ಎಲೆಯ ಆಕಾರದಲ್ಲಿ ಮೈಚಾಚಿ, ಪಾಚಿ ಸಿಗದಿದ್ದರೂ ತಿಂಗಳುಗಟ್ಟಲೆ ಬದುಕುತ್ತದೆ.

ಕಾದಂಬರಿಕಾರರಿಗೆ ಇದರಲ್ಲಿ ಅಮೂಲ್ಯವಾದ ಒಂದು ಸಂಗತಿ ಇದೆ. ಹರಿತ್ಕಣದ ದುರಸ್ತಿಗೆ ಬೇಕಾದ ಬಹುಪಾಲು ಪ್ರೋಟೀನುಗಳ ಜೀನ್‌ಗಳು ಪಾಚಿಯ ಕೋಶಕೇಂದ್ರದಲ್ಲಿರುತ್ತವೆ, ಆ ಕೋಶಕೇಂದ್ರವನ್ನು ಹುಳು ಉಳಿಸಿಕೊಂಡಿರುವುದಿಲ್ಲ. ಕದ್ದ ಅಂಗವು ಎಷ್ಟೇ ಗಟ್ಟಿಮುಟ್ಟಾಗಿದ್ದರೂ ದಿನ ಕಳೆದಂತೆ ಸವೆಯುತ್ತದೆ. ನಿಮ್ಮ ಜೀವಿಗೂ ಇದೇ ನಿಯಮವನ್ನು ಅನ್ವಯಿಸಿ ನೋಡಿ. ನೀರುನಾಯಿಯಿಂದ ಪಡೆದ ಕಣ್ಣು ಮೊದಲ ವಾರ ಸ್ಪಷ್ಟವಾಗಿ ಕಾಣುತ್ತದೆ, ಮೂರನೆಯ ವಾರಕ್ಕೆ ಮಂಜಾಗುತ್ತದೆ, ಆಮೇಲೆ ಇನ್ನೊಂದು ನೀರುನಾಯಿ ಬೇಕೇಬೇಕು. ಅದು ಮತ್ತೆ ಮತ್ತೆ ಬೇಟೆಗೆ ಏಕೆ ಇಳಿಯುತ್ತದೆ ಎಂಬ ಪ್ರಶ್ನೆಗೆ ದುಷ್ಟತನವನ್ನು ಆರೋಪಿಸದೆಯೇ ಉತ್ತರ ಸಿಕ್ಕಿತು.

ಬಲಿಯ ಡಿಎನ್‌ಎ ಹೀರಿಕೊಂಡ ಮಾತ್ರಕ್ಕೆ ಅದರ ರೂಪ ಬಂದುಬಿಡುತ್ತದೆ ಎಂಬ ಸವಕಲು ದಾರಿಯನ್ನು ದಯವಿಟ್ಟು ಹಿಡಿಯಬೇಡಿ. ಬ್ಯಾಕ್ಟೀರಿಯಾಗಳಲ್ಲಿ ಅಂಥದ್ದೊಂದು ನಡೆಯುತ್ತದೆ, ನಿಜ. 1928ರಲ್ಲಿ ಫ್ರೆಡರಿಕ್ ಗ್ರಿಫಿತ್ ಅವರು ಕಾಯಿಸಿ ಸಾಯಿಸಿದ ಮಾರಕ ನ್ಯುಮೋನಿಯಾ ಬ್ಯಾಕ್ಟೀರಿಯಾಗಳನ್ನೂ ಜೀವಂತವಿರುವ ನಿರಪಾಯಕಾರಿ ಬ್ಯಾಕ್ಟೀರಿಯಾಗಳನ್ನೂ ಒಟ್ಟಿಗೆ ಇಲಿಗಳಿಗೆ ಚುಚ್ಚಿದಾಗ, ನಿರಪಾಯಕಾರಿಗಳೇ ಮಾರಕವಾಗಿ ಬದಲಾದವು. ಆ ಬದಲಾವಣೆಯ ವಾಹಕ ಡಿಎನ್‌ಎ ಎಂದು 1944ರಲ್ಲಿ ಏವರಿ, ಮ್ಯಾಕ್ಲಿಯಡ್ ಮತ್ತು ಮೆಕಾರ್ಟಿ ತೋರಿಸಿಕೊಟ್ಟರು. ಆದರೆ ಅವು ಏಕಕೋಶ ಜೀವಿಗಳು. ಬಹುಕೋಶ ಪ್ರಾಣಿಯ ಡಿಎನ್‌ಎಯಲ್ಲಿ ಸಿದ್ಧ ಆಕಾರ ಎಂಬುದು ಎಲ್ಲೂ ಇಲ್ಲ. ಆಕಾರವು ಭ್ರೂಣದಲ್ಲಿ ಹಂತಹಂತವಾಗಿ, ಒಂದು ಕೋಶ ಇನ್ನೊಂದಕ್ಕೆ ಕಳುಹಿಸುವ ಸಂಕೇತಗಳಿಂದ ಮೂಡುತ್ತದೆ. ನೀರುನಾಯಿಯ ಮರಿ ರೂಪುಗೊಳ್ಳಲು ಗರ್ಭದಲ್ಲಿ ಸುಮಾರು ಎರಡು ತಿಂಗಳು ಬೇಕು, ಹುಟ್ಟಿದ ಮೇಲೂ ಅದರ ಬೆಳವಣಿಗೆ ಮುಗಿದಿರುವುದಿಲ್ಲ. ಜೀನ್‌ಗಳನ್ನು ಮಾತ್ರ ಪಡೆದ ಜೀವಿಗೆ ಅದಕ್ಕಿಂತ ಅವಸರದ ದಾರಿ ಇಲ್ಲ.

ನನ್ನ ಆಯ್ಕೆ ಬೇರೆ. ನಿಮ್ಮ ಜೀವಿ ಬಲಿಯ ಅಂಗಾಂಶಗಳನ್ನೇ ಜೀವಂತವಾಗಿ ತನ್ನ ಮೈಗೆ ಬೆಸೆದುಕೊಳ್ಳಲಿ. ಇದಕ್ಕೆ ದೊಡ್ಡ ಅಡ್ಡಿ ರೋಗನಿರೋಧಕ ವ್ಯವಸ್ಥೆ. ಕಸಿ ಮಾಡಿದ ಮೂತ್ರಪಿಂಡವನ್ನು ದೇಹ ತಿರಸ್ಕರಿಸದಂತೆ ತಡೆಯಲು ರೋಗಿ ಜೀವನವಿಡೀ ಔಷಧಿ ತೆಗೆದುಕೊಳ್ಳಬೇಕಾಗುತ್ತದೆ ಎಂಬುದು ನಮಗೆಲ್ಲ ತಿಳಿದದ್ದೇ. ಆಳಸಮುದ್ರದ ಕೆಲವು ಆಂಗ್ಲರ್ ಮೀನುಗಳು ಮಾತ್ರ ಈ ಅಡ್ಡಿಯನ್ನು ದಾಟಿವೆ. ಪುಟ್ಟ ಗಂಡು ದೊಡ್ಡ ಹೆಣ್ಣಿನ ಮೈಯನ್ನು ಕಚ್ಚಿ ಹಿಡಿದು ಅಲ್ಲೇ ಬೆಸೆದುಹೋಗುತ್ತದೆ, ಇಬ್ಬರ ರಕ್ತನಾಳಗಳೂ ಒಂದಾಗುತ್ತವೆ. ಹೀಗೆ ಶಾಶ್ವತವಾಗಿ ಬೆಸೆಯುವ ಪ್ರಭೇದಗಳು ಪ್ರತಿಕಾಯಗಳ ತಯಾರಿಗೂ ಪರಕೀಯವಾದದ್ದನ್ನು ಗುರುತಿಸಿ ಎದುರಿಸುವ ಟಿ ಕೋಶಗಳ ಕೆಲಸಕ್ಕೂ ಬೇಕಾದ ಪ್ರಮುಖ ಜೀನ್‌ಗಳನ್ನು ಕಳೆದುಕೊಂಡಿವೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಪರರನ್ನು ಒಳಗೆ ಬಿಟ್ಟುಕೊಳ್ಳಬಲ್ಲ ದೇಹವು ರೋಗಾಣುಗಳಿಗೂ ಬಾಗಿಲು ತೆರೆದ ದೇಹವೇ. ನಿಮ್ಮ ಜೀವಿ ಕಾಯಿಲೆಬಿದ್ದ ಪ್ರಾಣಿಯನ್ನು ಮುಟ್ಟಲು ಹಿಂಜರಿಯಲಿ. ಓದುಗರಿಗೆ ಕಾರಣ ನಿಧಾನವಾಗಿ ಹೊಳೆಯಲಿ.

ಎರಡು ಮೈಗಳು ಎಷ್ಟು ಬೇಗ ಒಂದಾಗಬಲ್ಲವು ಎಂದು ಕೇಳುವಿರಾದರೆ, 2024ರಲ್ಲಿ ವರದಿಯಾದ ಒಂದು ಪ್ರಯೋಗ ಬೆರಗು ಹುಟ್ಟಿಸುವಂಥದ್ದು. ಮ್ನೆಮಿಯೋಪ್ಸಿಸ್ ಎಂಬ, ಜೆಲ್ಲಿಮೀನಿನಂತೆ ಕಾಣುವ ಪಾರದರ್ಶಕ ಕೋಂಬ್ ಜೆಲ್ಲಿಗಳಲ್ಲಿ ಗಾಯಗೊಂಡ ಎರಡನ್ನು ಒತ್ತಟ್ಟಿಗೆ ಇಟ್ಟಾಗ ಒಂದು ರಾತ್ರಿಯೊಳಗೆ ಅವು ಕೂಡಿಕೊಂಡವು. ಒಂದರ ತುದಿಯನ್ನು ಚುಚ್ಚಿದರೆ ಎರಡರ ಮೈಯೂ ಮುದುಡಿತು. ಒಂದರ ಬಾಯಿಗೆ ಕೊಟ್ಟ ಆಹಾರ ಇನ್ನೊಂದರ ಜೀರ್ಣನಾಳಕ್ಕೂ ಹರಿಯಿತು. ಗಾಯ ಇದ್ದಲ್ಲಿ ಬೆಸುಗೆ ಸಾಧ್ಯ ಎಂಬ ಷರತ್ತನ್ನು ಗಮನಿಸಿ. ಬಲಿಯನ್ನು ಬೆಸೆದುಕೊಳ್ಳುವ ಮುನ್ನ ನಿಮ್ಮ ಜೀವಿಯೂ ತನ್ನ ಮೈಯನ್ನು ಗಾಯಮಾಡಿಕೊಳ್ಳಬೇಕಾದರೆ ಆ ಒಂದು ದೃಶ್ಯವೇ ಅಧ್ಯಾಯಕ್ಕೆ ಸಾಕು.

ಇನ್ನೂ ಮುಂದೆ ಹೋಗುವ ಧೈರ್ಯವಿದ್ದರೆ ಬೊಟ್ರಿಲಸ್ ಕಡೆಗೆ ನೋಡಿ. ಕಡಲತೀರದ ಬಂಡೆಗಳಿಗೂ ದೋಣಿಗಳ ತಳಕ್ಕೂ ಹೂವಿನಂಥ ಗುಂಪುಗಳಾಗಿ ಅಂಟಿಕೊಂಡು ಬೆಳೆಯುವ ಈ ಜೀವಿಯ ಎರಡು ಸಮೂಹಗಳು ಎದುರಾದಾಗ, ನಿರ್ದಿಷ್ಟವಾದ ಒಂದು ಜೀನಿನ ಒಂದು ರೂಪವಾದರೂ ಎರಡರಲ್ಲೂ ಸಮಾನವಾಗಿದ್ದರೆ ಅವು ಬೆಸೆಯುತ್ತವೆ, ಇಲ್ಲದಿದ್ದರೆ ಪರಸ್ಪರ ತಿರಸ್ಕರಿಸುತ್ತವೆ. ಬೆಸೆದ ಮೇಲೆ ಒಂದರ ಆಕರಕೋಶಗಳು (ಹೊಸ ಕೋಶಗಳನ್ನು ಹುಟ್ಟಿಸುವ ಮೂಲಕೋಶಗಳು) ಇನ್ನೊಂದರ ರಕ್ತದಲ್ಲಿ ಸಂಚರಿಸಿ, ಅದರ ಸಂತಾನಾಂಗಗಳಲ್ಲಿ ನೆಲೆಯೂರಿ, ತನ್ನದೇ ಸಂತತಿಯನ್ನು ಹುಟ್ಟಿಸುವುದುಂಟು. ಹೊರಗಿನಿಂದ ನೋಡಿದರೆ ಮೈ ಒಬ್ಬರದು, ಒಳಗಿನಿಂದ ಹುಟ್ಟುವ ಮರಿ ಮತ್ತೊಬ್ಬರದು. ನಿಮ್ಮ ಜೀವಿ ನುಂಗಿದವುಗಳಲ್ಲಿ ಒಂದಾದರೂ ಒಳಗಿನಿಂದ ಅದನ್ನೇ ಆಕ್ರಮಿಸುತ್ತಿದೆ ಎಂದಾದರೆ, ಸರ್ವಶಕ್ತನಂತೆ ಕಂಡ ಪಾತ್ರಕ್ಕೆ ಅದಕ್ಕಿಂತ ದೊಡ್ಡ ಶತ್ರು ಬೇಕಾಗಿಲ್ಲ.

ಪ್ರಶ್ನೆ: ರೂಪ ಬದಲಿಸಲು ಎಷ್ಟು ಹೊತ್ತು ಬೇಕು? ಸಣ್ಣ ಪ್ರಾಣಿಯಿಂದ ದೊಡ್ಡ ಪ್ರಾಣಿಯಾಗುವಾಗ ತೂಕ ಎಲ್ಲಿಂದ ಬರುತ್ತದೆ?

ಉತ್ತರ: ಬಣ್ಣ, ಮೈಯ ಭಂಗಿ, ಮೂಳೆ, ಈ ಮೂರಕ್ಕೂ ಬೇರೆ ಬೇರೆ ಕಾಲಮಾನ ಇಟ್ಟುಕೊಳ್ಳಿ. ಆಕ್ಟೋಪಸ್ ಚರ್ಮದಲ್ಲಿರುವ ಬಣ್ಣದ ಚೀಲಗಳನ್ನು ಸ್ನಾಯುಗಳು ಎಳೆದು ಹಿಗ್ಗಿಸುತ್ತವೆ. ಆ ಸ್ನಾಯುಗಳಿಗೆ ಮಿದುಳಿನಿಂದಲೇ ನರಗಳ ಸಂಪರ್ಕ ಇರುವುದರಿಂದ ಬಣ್ಣ ಕ್ಷಣಾರ್ಧದಲ್ಲಿ ಬದಲಾಗುತ್ತದೆ. 1998ರಲ್ಲಿ ಇಂಡೋನೇಷ್ಯಾದ ಸುಲಾವೇಸಿ ಬಳಿ ಕಂಡುಬಂದ ಅನುಕರಣಶೀಲ ಆಕ್ಟೋಪಸ್ ಆರು ತೋಳುಗಳನ್ನು ಬಿಲದೊಳಗೆ ಮರೆಮಾಡಿ, ಉಳಿದ ಎರಡನ್ನು ಎದುರುಬದುರು ದಿಕ್ಕಿಗೆ ಚಾಚಿ, ಪಟ್ಟೆಪಟ್ಟೆಯ ಕಡಲಹಾವಿನಂತೆ ತೋರುತ್ತದೆ. ಈಕ್ವೆಡಾರಿನ ಮೋಡದ ಕಾಡಿನ ಪ್ರಿಸ್ಟಿಮ್ಯಾಂಟಿಸ್ ಮ್ಯುಟಾಬಿಲಿಸ್ ಎಂಬ ಪುಟ್ಟ ಕಪ್ಪೆ, ಮುಳ್ಳುಮುಳ್ಳಾಗಿದ್ದ ಚರ್ಮವನ್ನು ಕೆಲವೇ ನಿಮಿಷಗಳಲ್ಲಿ ನುಣುಪಾಗಿಸಿಕೊಳ್ಳುತ್ತದೆ. ಇಷ್ಟರವರೆಗೆ ವೇಗಕ್ಕೆ ತೊಂದರೆಯಿಲ್ಲ.

ಮೂಳೆಯ ವಿಷಯಕ್ಕೆ ಬಂದಾಗ ಈ ವೇಗ ಉಳಿಯುವುದಿಲ್ಲ. ಮನುಷ್ಯನ ಮುರಿದ ಮೂಳೆ ಕೂಡಲು ವಾರಗಟ್ಟಲೆ ಬೇಕಾಗುವಾಗ ಒಂದು ಜೀವಿ ನಿಂತ ನಿಲುವಿನಲ್ಲಿ ಹೊಸ ಅಸ್ಥಿಪಂಜರ ಬೆಳೆಸಿಕೊಂಡಿತೆಂದರೆ ಯಾರೂ ನಂಬುವುದಿಲ್ಲ. ಹಾಗಾಗಿ ಮೂಲರೂಪದಲ್ಲಿ ಅದಕ್ಕೆ ಮೂಳೆಯೇ ಬೇಡ, ಬಲಿಯ ಮೂಳೆಗಳನ್ನೇ ಜೀರ್ಣಿಸದೆ ಉಳಿಸಿಕೊಂಡು ತೊಟ್ಟುಕೊಳ್ಳಲಿ. ಆಗ ಅದು ಧರಿಸಬಲ್ಲ ರೂಪಗಳಿಗೆ ಲೆಕ್ಕವೊಂದು ಸಿಗುತ್ತದೆ, ಏಕೆಂದರೆ ಕೂಡಿಟ್ಟ ಅಸ್ಥಿಪಂಜರಗಳಿಗಿಂತ ಹೆಚ್ಚು ರೂಪಗಳು ಸಾಧ್ಯವಿಲ್ಲ. ಇಳಿತದ ಹೊತ್ತಿನಲ್ಲಿ ಬಳಚು (ಚಿಪ್ಪಿಮೀನು) ಹೆಕ್ಕಲು ಬಂದ ಹೆಂಗಸರಿಗೆ ಕಾಂಡ್ಲಾ ಬೇರಿನ ಸಂದಿಯಲ್ಲಿ, ಮಾಂಸದ ಒಂದು ಎಳೆಯೂ ಅಂಟಿರದ, ಒಂದು ಕೀಲೂ ಕಳಚದ ನೀರುನಾಯಿಯ ಎಲುಬುಗೂಡು ಸಿಕ್ಕಿತೆನ್ನಿ. ಜೀವಿಯನ್ನು ತೋರಿಸದೆಯೇ ಅದರ ಇರುವಿಕೆಯನ್ನು ಹೇಳಿದಂತಾಯಿತು.

ತೂಕದ ಪ್ರಶ್ನೆಗೆ ಉತ್ತರ ಚಿಕ್ಕದು: ಅದು ಎಲ್ಲಿಂದಲೂ ಬರುವುದಿಲ್ಲ. ಎಂಟು ಕಿಲೋ ತೂಕದ ನೀರುನಾಯಿಯನ್ನು ಸೇರಿಸಿಕೊಂಡರೆ ಹೆಚ್ಚುವುದು ಎಂಟು ಕಿಲೋ, ಅದಕ್ಕಿಂತ ಹೆಚ್ಚಲ್ಲ. ಅರುವತ್ತು ಕಿಲೋ ತೂಕದ ಮನುಷ್ಯನಂತೆ ನಡೆಯಬೇಕಾದರೆ ಅಷ್ಟು ಮಾಂಸವನ್ನು ಅದು ಮೊದಲು ಸಂಪಾದಿಸಿರಬೇಕು. ಒಂದೇ ಆಕಾರವನ್ನು ಹಿಗ್ಗಿಸುವ ಆಲೋಚನೆಯಿದ್ದರೆ ಗೆಲಿಲಿಯೋ 1638ರಲ್ಲೇ ವಿವರಿಸಿದ ತೊಡಕು ಎದುರಾಗುತ್ತದೆ. ಎತ್ತರ, ಅಗಲ, ಉದ್ದ ಮೂರೂ ಎರಡರಷ್ಟಾದರೆ ತೂಕ ಎಂಟರಷ್ಟಾಗುತ್ತದೆ, ಆ ತೂಕವನ್ನು ಹೊರುವ ಮೂಳೆಯ ಅಡ್ಡಕೊಯ್ತದ ವಿಸ್ತೀರ್ಣ ನಾಲ್ಕರಷ್ಟೇ ಆಗುತ್ತದೆ. ನೀರಿನಲ್ಲಿ ತೇಲುವಾಗ ಈ ಕಷ್ಟ ಕಾಣದು, ದಡ ಹತ್ತಿದಾಗ ಕಾಣುತ್ತದೆ. ಅದು ಅಳಿವೆಯನ್ನು ಬಿಟ್ಟು ಊರಿನೊಳಗೆ ಬರಲು ಏಕೆ ತಡಮಾಡಿತು ಎಂಬುದಕ್ಕೂ ಇದು ಸಮರ್ಥನೆಯಾಗುತ್ತದೆ.

ಪ್ರಶ್ನೆ: ಅದು ಒಬ್ಬ ಮೀನುಗಾರನನ್ನು ನುಂಗಿ ಅವನ ನೆನಪುಗಳನ್ನೂ ಪಡೆಯುವಂತೆ ಬರೆದಿದ್ದೇನೆ. ಇದು ಅತಿಯಾಯಿತೇ?

ಉತ್ತರ: ಎಲ್ಲ ನೆನಪುಗಳೂ ಬಂದರೆ ಅತಿಯಾಗುತ್ತದೆ. ಅಮೆರಿಕದ ಜೇಮ್ಸ್ ಮೆಕಾನೆಲ್ ಎಂಬ ಮನೋವಿಜ್ಞಾನಿ 1960ರ ದಶಕದ ಆರಂಭದಲ್ಲಿ, ಬೆಳಕು ಕಂಡರೆ ಮುದುಡಲು ಕಲಿಸಿದ ಪ್ಲಾನೇರಿಯನ್ ಚಪ್ಪಟೆಹುಳುಗಳನ್ನು ಕತ್ತರಿಸಿ ಬೇರೆ ಹುಳುಗಳಿಗೆ ತಿನ್ನಿಸಿ, ತಿಂದವುಗಳಿಗೂ ಆ ಕಲಿಕೆ ದಾಟಿತು ಎಂದು ಪ್ರಕಟಿಸಿದರು. ದೊಡ್ಡ ಸಂಚಲನವೇ ಆಯಿತು. ಬೇರೆಯವರು ಮಾಡಿದಾಗ ಆ ಫಲಿತಾಂಶ ಸ್ಥಿರವಾಗಿ ಮರಳಿ ಬರಲಿಲ್ಲ. ನೆನಪು ಬಹುಮಟ್ಟಿಗೆ ನರಕೋಶಗಳ ನಡುವಿನ ಸಂಪರ್ಕಗಳಲ್ಲಿದೆ, ಅರೆದರೆ ಆ ಸಂಪರ್ಕಗಳು ಉಳಿಯುವುದಿಲ್ಲ.

ಆದರೆ ನರಕೋಶಗಳು ಜೀವಂತವಾಗಿ ಉಳಿದರೆ ಸ್ವಲ್ಪ ದಾಟಬಹುದು ಎನ್ನಲು ಒಂದು ಆಧಾರವಿದೆ. 2008ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ತಂಬಾಕಿನ ಕಂಬಳಿಹುಳುಗಳಿಗೆ ಒಂದು ವಾಸನೆಯ ಜೊತೆಗೆ ಸಣ್ಣ ವಿದ್ಯುತ್ ಆಘಾತ ಕೊಟ್ಟು, ಆ ವಾಸನೆಯನ್ನು ದೂರವಿಡಲು ಕಲಿಸಲಾಯಿತು. ಕೋಶಾವಸ್ಥೆಯಲ್ಲಿ ಮೈಯೆಲ್ಲ ಮರುರಚನೆಯಾಗಿ ಪತಂಗವಾದ ಮೇಲೂ, ಹುಳುವಿನ ಕೊನೆಯ ಹಂತದಲ್ಲಿ ಕಲಿತವುಗಳು ಅದೇ ವಾಸನೆಯನ್ನು ದೂರವಿಟ್ಟವು. ಅದಕ್ಕಿಂತ ಮೊದಲೇ ಕಲಿತವುಗಳಲ್ಲಿ ಆ ಕಲಿಕೆ ಉಳಿದಿರಲಿಲ್ಲ. ಇದನ್ನು ಹಿಡಿದುಕೊಂಡು ಬರೆಯಿರಿ. ನಿಮ್ಮ ಜೀವಿಗೆ ಮೀನುಗಾರನ ಹೆಂಡತಿಯ ಹೆಸರು ಗೊತ್ತಿರುವುದಿಲ್ಲ, ಮನೆಯ ದಾರಿ ಗೊತ್ತಿರುವುದಿಲ್ಲ. ಡೀಸೆಲ್ ವಾಸನೆ ಬಂದೊಡನೆ ಮೈ ಹಿಂದೆಗೆಯುತ್ತದೆ, ಏಕೆಂದು ಅದಕ್ಕೇ ತಿಳಿಯದು. ಕೊನೆಯ ದಿನಗಳಲ್ಲಿ ಅವನಿಗಾದ ಭಯ ಬರಲಿ, ಬಾಲ್ಯ ಬಾರದಿರಲಿ. ಅವನ ಮಗಳು ಎದುರಿಗೆ ನಿಂತು ಕರೆಯುವ ದೃಶ್ಯವನ್ನು ಇಟ್ಟುಕೊಂಡಿದ್ದರೆ, ಅರ್ಧಂಬರ್ಧ ಉಳಿದ ನೆನಪು ಪೂರ್ಣ ನೆನಪಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಪ್ರಶ್ನೆ: ಕೊನೆಯಲ್ಲಿ ಅದನ್ನು ಸೋಲಿಸುವುದು ಹೇಗೆ? ಬೆಂಕಿ ಬಿಟ್ಟು ಬೇರೇನೂ ತೋಚುತ್ತಿಲ್ಲ.

ಉತ್ತರ: ನೀವು ಆಯ್ದುಕೊಂಡ ಜಾಗದಲ್ಲೇ ಉತ್ತರವಿದೆ. ಸಮುದ್ರದ ಮೆದುಮೈಯ ಜೀವಿಗಳ ದೇಹದ್ರವ ಬಹುಮಟ್ಟಿಗೆ ಸಮುದ್ರದಷ್ಟೇ ಉಪ್ಪಾಗಿರುತ್ತದೆ, ಅಂದರೆ ಲೀಟರಿಗೆ ಸುಮಾರು 35 ಗ್ರಾಂ. ಸುತ್ತಲಿನ ನೀರು ಸಿಹಿಯಾದರೆ ಅದು ಚರ್ಮದ ಮೂಲಕ ಒಳನುಗ್ಗಿ ಜೀವಕೋಶಗಳು ಉಬ್ಬುತ್ತವೆ. ಸಿಹಿನೀರಿನಲ್ಲಿ ಬಾಳುವ ಆಕ್ಟೋಪಸ್ ಜಗತ್ತಿನಲ್ಲಿ ಒಂದೂ ಇಲ್ಲ. ಅಘನಾಶಿನಿಗೆ ದೊಡ್ಡ ಅಣೆಕಟ್ಟುಗಳಿಲ್ಲದ ಕಾರಣ ಘಟ್ಟದ ಮೇಲೆ ಸುರಿದ ಮಳೆಯ ನೀರು ತಡೆಯಿಲ್ಲದೆ ಅಳಿವೆಗೆ ಇಳಿಯುತ್ತದೆ, ಬೇಸಿಗೆಯಲ್ಲಿ ಉಪ್ಪುಪ್ಪಾಗಿದ್ದ ನೀರು ಮಳೆಗಾಲದಲ್ಲಿ ಬಹಳ ಸಪ್ಪೆಯಾಗುತ್ತದೆ. ಆಗ ನಿಮ್ಮ ಜೀವಿಗೆ ಉಳಿಯುವ ದಾರಿಗಳು ಎರಡೇ. ಒಂದೋ ಕಡಲಿಗೆ ಹೊರಟುಹೋಗಬೇಕು, ಇಲ್ಲವೇ ಸಿಹಿನೀರನ್ನು ತಡೆಯಬಲ್ಲ ಚರ್ಮವಿರುವ ಪ್ರಾಣಿಯೊಂದನ್ನು ಧರಿಸಿ ಅದು ಸವೆಯುವವರೆಗೆ ಬದುಕಬೇಕು. ಕಥೆಯನ್ನು ಏಪ್ರಿಲ್ ತಿಂಗಳಲ್ಲಿ ಆರಂಭಿಸಿ, ಬಲಿಗಳ ನಡುವಿನ ಅಂತರ ಮೇ ಕೊನೆಯ ಹೊತ್ತಿಗೆ ಕಿರಿದಾಗುತ್ತ ಬರಲಿ. ಆ ಅವಸರದ ಕಾರಣವನ್ನು ನಿಮ್ಮ ಊರಿನವರಲ್ಲಿ ಮೊದಲು ಗ್ರಹಿಸುವವರು ನೀರಿನ ಉಪ್ಪನ್ನು ನಾಲಿಗೆಯಲ್ಲೇ ಅಳೆಯಬಲ್ಲ, ಅಳಿವೆಯಂಚಿನ ಗಜನಿ ಗದ್ದೆಯ ರೈತರಾಗಿರಲಿ. ಗದ್ದೆಗೆ ನೀರು ಬರುವ ತೂಬಿನ ಬಾಗಿಲಾದ ಜಂತ್ರಡಿಯನ್ನು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬ ತೀರ್ಮಾನ ಅವರ ಕೈಯಲ್ಲಿರುವುದರಿಂದ, ಆ ಜೀವಿ ಕೊನೆಗೆ ಯಾವ ನೀರಿನಲ್ಲಿ ಸಿಕ್ಕಿಬೀಳಬೇಕು ಎಂಬುದನ್ನೂ ಅವರೇ ನಿರ್ಧರಿಸಬಲ್ಲರು.