ಎಕರೆ ಮಾರುವ ಮೊದಲು ಆ ಮೂರು ಅಂಕ ಕೂಡಿ ನೋಡಿ

ಓದುಗರ ಪತ್ರ: ಮಾನ್ಯ ಸಂಪಾದಕರಿಗೆ ನಮಸ್ಕಾರ. ನಾನು ಜಗಳೂರು ತಾಲ್ಲೂಕಿನ ಹಳ್ಳಿಯವಳು. ಮೂರು ಎಕರೆ ಖುಷ್ಕಿ ಹೊಲ ಇದೆ, ಮೆಕ್ಕೆಜೋಳ ಹಾಕ್ತೀವಿ. ಮಗ ದಾವಣಗೆರೆಯಲ್ಲಿ ಹಾಸ್ಟೆಲಲ್ಲಿದ್ದು ಪಿಯುಸಿ ಸೈನ್ಸ್ ಮುಗಿಸಿದ. ಶೇ. 57 ಬಂದಿದೆ. ಸಿಇಟಿ ರ‍್ಯಾಂಕ್ ಒಂದು ಲಕ್ಷ ದಾಟಿದೆ. ಬೆಂಗಳೂರಲ್ಲಿರೋ ನನ್ನ ಮೈದುನ, ‘ಕಂಪ್ಯೂಟರ್ ಸೈನ್ಸು ಮ್ಯಾನೇಜ್‌ಮೆಂಟ್ ಸೀಟು ಕೊಡಿಸ್ತೀನಿ, ವರ್ಷಕ್ಕೆ ಮೂರೂವರೆ ಲಕ್ಷ, ಒಂದೆಕರೆ ಮಾರಿದ್ರೆ ಆಗೋಗ್ತದೆ’ ಅಂತಾನೆ. ಮಗ ಒಂದು ತಿಂಗಳಿಂದ ಸರಿಯಾಗಿ ಮಾತೇ ಆಡ್ತಿಲ್ಲ. ಅವನು ದಡ್ಡ ಅಲ್ಲ ಸಾರ್. ಬೋರಿನ ಸ್ಟಾರ್ಟರ್ ಕೆಟ್ಟರೆ ಊರೋರೆಲ್ಲ ಅವನನ್ನೇ ಕರೀತಾರೆ. ಸಾಧಾರಣ ಮಾರ್ಕ್ಸಿನ ಹುಡುಗನಿಗೆ ನಮ್ಮ ಕೈಗೆಟುಕೋ ಕಾಲೇಜು ಇಲ್ಲವಾ?

ಸಂಪಾದಕರ ಉತ್ತರ:

ತಾಯಿ, ಇದೆ. ಅದನ್ನು ಹೇಳುವುದಕ್ಕೆ ಮುಂಚೆ ಒಂದು ಮಾತು ಖಡಾಖಂಡಿತ ಹೇಳಿಬಿಡುತ್ತೇನೆ: ಹೊಲ ಮಾರಬೇಡಿ.

ನಿಮ್ಮ ಮೈದುನ ಕೆಟ್ಟದ್ದು ಬಯಸಿ ಹೇಳಿದ್ದಾರೆ ಅಂತ ನಾನು ಅಂದುಕೊಂಡಿಲ್ಲ. ಆದರೆ ಅವರ ಲೆಕ್ಕ ಅರ್ಧಕ್ಕೇ ನಿಂತಿದೆ. ವರ್ಷಕ್ಕೆ ಮೂರೂವರೆ ಲಕ್ಷ ಅಂದರೆ ನಾಲ್ಕು ವರ್ಷಕ್ಕೆ ಬರೀ ಫೀಸೇ 14 ಲಕ್ಷ. ಪಿಜಿ ಬಾಡಿಗೆ, ಊಟ, ಬಸ್ಸು, ಲ್ಯಾಪ್‌ಟಾಪು ಬೇರೆ. ಜಗಳೂರಿನ ಖುಷ್ಕಿ ಹೊಲ ಒಂದೆಕರೆ ಅಷ್ಟು ತಡೆದುಕೊಳ್ಳುತ್ತದೆಯೇ ಅನ್ನುವುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಮೊದಲ ಎಕರೆ ಕರಗಿದ ಮೇಲೆ ಓದು ನಡುನೀರಲ್ಲಿರುತ್ತದೆ, ಆಗ ಎರಡನೆಯದನ್ನು ಮಾರದೆ ವಿಧಿಯಿರುವುದಿಲ್ಲ.

ನಮ್ಮಲ್ಲಿ ನಡೆದುಕೊಂಡು ಬಂದಿರುವ ರೀತಿ ನೋಡಿ. ಶೇ. 95 ತೆಗೆದ ಹುಡುಗ ಸರ್ಕಾರಿ ಫೀಸಿನಲ್ಲಿ ಓದುತ್ತಾನೆ. ಶೇ. 57 ತೆಗೆದವನ ಅಪ್ಪ ಅಮ್ಮ ಆಸ್ತಿ ಮಾರುತ್ತಾರೆ. ನೆಂಟರ ಮುಂದೆ ತಲೆ ತಗ್ಗಿಸಬಾರದು ಅನ್ನುವ ಸಂಕಟಕ್ಕೆ ಕೊಡುವ ದುಡ್ಡು ಅದು, ಓದಿಗೆ ಕೊಡುವುದಲ್ಲ. ಮಾರ್ಕ್ಸು ಸಾಧಾರಣ ಇದ್ದಾಗ ಮೊದಲ ಹೆಜ್ಜೆಗೆ ಕಡಿಮೆ ಖರ್ಚು ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಪಿಯುಸಿ ಗಣಿತದಲ್ಲಿ ಎಡವಿದ ಹುಡುಗನಿಗೆ ಇಂಜಿನಿಯರಿಂಗಿನ ಮೊದಲ ವರ್ಷದ ಗಣಿತ ದುಬಾರಿ ಕಾಲೇಜು ಅಂತ ಸುಲಭವಾಗುವುದಿಲ್ಲ. ಅಲ್ಲಿ ಒಂದೆರಡು ಸಬ್ಜೆಕ್ಟು ಉಳಿದುಕೊಂಡರೆ, ಹೊಲ ಹೋದ ನೆನಪು ಅವನ ಎದೆಯ ಮೇಲೆ ಕೂತಿರುತ್ತದೆ.

ಈಗ ಮಾರ್ಕ್ಸ್ ಕಾರ್ಡ್ ಕೈಗೆತ್ತಿಕೊಳ್ಳಿ. ನೀವು ಬರೆದಿರುವ 57ರಲ್ಲಿ ಕನ್ನಡ, ಇಂಗ್ಲಿಷೂ ಸೇರಿವೆ. ಇಂಜಿನಿಯರಿಂಗ್ ಸೀಟಿಗೆ ನೋಡುವುದು ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಮೂರನ್ನೇ. ಆ ಮೂರನ್ನು ಕೂಡಿ. 300ಕ್ಕೆ ಸಾಮಾನ್ಯ ವರ್ಗದವರಿಗೆ 135 ಬೇಕು, ಅಂದರೆ ಶೇ. 45. ಮೀಸಲಾತಿ ಇರುವವರಿಗೆ 120 ಸಾಕು, ಶೇ. 40. ಭಾಷೆಗಳಲ್ಲಿ ಚೆನ್ನಾಗಿ ತೆಗೆದು ಈ ಮೂರರಲ್ಲಿ ಅಂಚಿಗೆ ಬಂದು ನಿಂತ ಮಕ್ಕಳು ಬೇಕಾದಷ್ಟಿದ್ದಾರೆ. ನಿಮ್ಮ ಪ್ರವರ್ಗ ಯಾವುದು ಅಂತ ಪತ್ರದಲ್ಲಿ ಬರೆದಿಲ್ಲ. ಅದರ ಮೇಲೆ ಬಹಳ ವಿಷಯ ನಿಂತಿದೆ.

ಇನ್ನೊಂದು ಕಾಗದ ಸಿಇಟಿ ಅರ್ಜಿ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿ ಶಾಲೆಯಲ್ಲೇ ಓದಿದ್ದರೆ ಗ್ರಾಮೀಣ ಮೀಸಲಾತಿ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಶೇ. 5 ಇದೆ. ಆ ಕಲಮುಗಳನ್ನು ತುಂಬಿದ್ದಾನಾ ಕೇಳಿ. ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಸಹಿಯ ವ್ಯಾಸಂಗ ಪ್ರಮಾಣಪತ್ರ ಬೇಕು. ಪಕ್ಕದ ಹರಪನಹಳ್ಳಿಯವರಿಗೆ ಕಲ್ಯಾಣ ಕರ್ನಾಟಕದವರಿಗೆ ಕೊಡುವ 371-ಜೆ ಮೀಸಲಾತಿ ಸೌಲಭ್ಯವಿದೆ, ಗಡಿ ಈಚೆಗಿರುವ ಜಗಳೂರಿನ ಮಕ್ಕಳಿಗೆ ಇಲ್ಲ. ಅಷ್ಟೇ ಬರಗಾಲ ಕಂಡ ತಾಲ್ಲೂಕಿಗೆ ಇದು ನ್ಯಾಯವಲ್ಲ ಅಂತ ನನಗೆ ಯಾವತ್ತೂ ಅನಿಸಿದೆ. ಅದಕ್ಕೇ ಇರುವ ಮೀಸಲಾತಿಯನ್ನು ನೀವು ಕೈಬಿಡಬಾರದು.

ದಾವಣಗೆರೆಯಲ್ಲೇ ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜಿದೆ. 1951ರಿಂದ ನಡೆದು ಬಂದ ಕಾಲೇಜು, ಈಗ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಘಟಕ ಕಾಲೇಜು. ಅಲ್ಲಿ ಕಂಪ್ಯೂಟರ್ ಸೈನ್ಸು ಈ ರ‍್ಯಾಂಕಿಗೆ ಸಿಗುತ್ತದೆ ಅಂತ ಆಸೆ ಹುಟ್ಟಿಸಲಾರೆ. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಬರೆದು ನೋಡಲಿ. ಕಳೆದ ವರ್ಷ ಯಾವ ಕಾಲೇಜಿನ ಯಾವ ಬ್ರಾಂಚು ಯಾವ ರ‍್ಯಾಂಕಿಗೆ ನಿಂತಿತು ಅನ್ನುವುದನ್ನು ಪ್ರವರ್ಗವಾರು ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರವೇ (ಕೆಇಎ) ಪ್ರಕಟಿಸಿರುತ್ತದೆ, ಅದನ್ನು ತೆಗೆದು ಹೋಲಿಸಲಿ. ಒಂದು ಎಚ್ಚರ: ಇತ್ತೀಚೆಗೆ ಯುಬಿಡಿಟಿಗೂ ಹೆಚ್ಚು ಫೀಸಿನ ಪೇಮೆಂಟ್ ಸೀಟುಗಳು ಬಂದಿವೆ, ಅದರ ವಿರುದ್ಧ ವಿದ್ಯಾರ್ಥಿಗಳು ಬೀದಿಗಿಳಿದಿದ್ದರು. ಹಾಗಾಗಿ ಕಾಲೇಜಿನ ಹೆಸರು ನೋಡಿ ಸಮಾಧಾನಪಟ್ಟರೆ ಸಾಲದು, ಎದುರಿಗೆ ಬರೆದಿರುವ ಫೀಸನ್ನೂ ಓದಬೇಕು. ಸೀಟು ಬಂದ ಮೇಲೆ ನಾಲ್ಕು ‘ಚಾಯ್ಸ್’ ಕೇಳುತ್ತಾರೆ. ಒಂದನೆಯದು ಒತ್ತಿದರೆ ಸೀಟು ಖಾಯಂ, ಮುಂದಿನ ಸುತ್ತಿಲ್ಲ. ಎರಡನೆಯದು ಒತ್ತಿದರೆ ಇದನ್ನು ಹಿಡಿದುಕೊಂಡೇ ಮುಂದಿನ ಸುತ್ತಿಗೆ ಹೋಗಬಹುದು. ಸೈಬರ್ ಸೆಂಟರಿನವರ ಕೈಗೆ ಪಾಸ್‌ವರ್ಡ್ ಕೊಟ್ಟು ಬರುವುದು ಬೇಡ, ಅವನೇ ಕೂತು ಒತ್ತಲಿ.

ಇನ್ನು ನಾನು ನಿಜವಾಗಿ ಹೇಳಬೇಕಾದ್ದಕ್ಕೆ ಬರುತ್ತೇನೆ. ಅದು ನಿಮ್ಮ ಪತ್ರದಲ್ಲೇ ಇದೆ. ಸ್ಟಾರ್ಟರ್ ಕೆಟ್ಟರೆ ಊರವರು ಅವನನ್ನೇ ಕರೆಯುತ್ತಾರೆ ಅಂತ ಬರೆದಿದ್ದೀರಿ. ಸ್ಟಾರ್ಟರ್ ಡಬ್ಬಿ ಬಿಚ್ಚುವುದು ಅಂದರೆ ಏನು? ಮೂರೂ ಫೇಸು ಬರುತ್ತಿದೆಯಾ ಟೆಸ್ಟರ್ ಇಟ್ಟು ನೋಡಿ, ಆಮೇಲೆ ಮೇನ್ ಆಫ್ ಮಾಡಿ, ರಿಲೇ ಟ್ರಿಪ್ ಆಗಿದೆಯೋ ಕಾಯಿಲ್ ಸುಟ್ಟಿದೆಯೋ ಗುರುತು ಹಿಡಿದು, ಕಪ್ಪು ಹಿಡಿದ ಕಾಂಟ್ಯಾಕ್ಟನ್ನು ಉಜ್ಜಿ ಮತ್ತೆ ಕೂರಿಸುವುದು. ಯಾರೂ ಪಾಠ ಹೇಳದೆ ಇದನ್ನು ಕಲಿತ ಹುಡುಗನನ್ನು ದಡ್ಡ ಅಂತ ಯಾರು ಅಂದರು? ಮಾರ್ಕ್ಸ್ ಕಾರ್ಡಿನಲ್ಲಿ ಇದಕ್ಕೊಂದು ಕಾಲಂ ಇಲ್ಲ, ಅಷ್ಟೇ. ಇಂಥ ಹುಡುಗನನ್ನು ಕಂಪ್ಯೂಟರ್ ಸೈನ್ಸಿಗೆ ತಳ್ಳಲು ಹೊಲ ಮಾರುವುದು ನನಗೆ ಹೊಟ್ಟೆಯುರಿಯುವ ವಿಷಯ.

ಪಿಯುಸಿ ಸೈನ್ಸ್ ಪಾಸಾದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರಬಹುದು, ಲ್ಯಾಟರಲ್ ಎಂಟ್ರಿ ಅನ್ನುತ್ತಾರೆ. ಇದು ನಮ್ಮ ಹಳ್ಳಿಗಳಿಗೆ ತಲುಪೇ ಇಲ್ಲ, ಪಾಲಿಟೆಕ್ನಿಕ್ ಅಂದರೆ ಎಸ್‌ಎಸ್‌ಎಲ್‌ಸಿ ಆದವರಿಗೆ ಮಾತ್ರ ಅಂದುಕೊಂಡಿದ್ದಾರೆ. ದಾವಣಗೆರೆಯಲ್ಲಿ ಡಿಆರ್‌ಆರ್ ಸರ್ಕಾರಿ ಪಾಲಿಟೆಕ್ನಿಕ್ ಇದೆ, ಚಿತ್ರದುರ್ಗದಲ್ಲೂ ಸರ್ಕಾರಿ ಪಾಲಿಟೆಕ್ನಿಕ್ ಇದೆ. ಎರಡು ವರ್ಷದಲ್ಲಿ ಡಿಪ್ಲೊಮಾ ಮುಗಿಯುತ್ತದೆ. ಆಮೇಲೆ ಡಿಪ್ಲೊಮಾ ಆದವರಿಗಿರುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಬಿಇ ಎರಡನೇ ವರ್ಷಕ್ಕೆ ಸೇರಿದರೆ ಇನ್ನು ಮೂರು ವರ್ಷ. ಒಟ್ಟು ಐದು, ನೇರ ಬಿಇಗಿಂತ ಒಂದೇ ವರ್ಷ ಹೆಚ್ಚು. ನಡುವೆ ಮನೆಯಲ್ಲಿ ಕಷ್ಟ ಬಂದು ಓದು ನಿಂತರೂ ಕೈಯಲ್ಲಿ ಡಿಪ್ಲೊಮಾ ಇರುತ್ತದೆ. ವಿದ್ಯುತ್ ನಿಗಮಗಳ ಕಿರಿಯ ಎಂಜಿನಿಯರ್ ಹುದ್ದೆಗೆ ಕೇಳುವುದು ಎಲೆಕ್ಟ್ರಿಕಲ್ ಡಿಪ್ಲೊಮಾವನ್ನೇ. ದುರ್ಗದ ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳನ್ನು ಅವನು ಬಸ್ಸಿನಿಂದ ನೋಡಿರುತ್ತಾನೆ. ಅವನ್ನು ನೋಡಿಕೊಳ್ಳುವುದಕ್ಕೂ ಇದೇ ಕೈ ಬೇಕು.

ಇಂಜಿನಿಯರಿಂಗ್ ಬೇಡವೇ ಬೇಡ ಅಂದರೆ ಬಿಎಸ್ಸಿ ಇದೆ. ದಾವಣಗೆರೆಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ಚಿತ್ರದುರ್ಗದ ಸರ್ಕಾರಿ ವಿಜ್ಞಾನ ಕಾಲೇಜು ಎರಡರಲ್ಲೂ ಫೀಸಿನ ಹೊರೆಯಿಲ್ಲ. ಪದವಿ ಮತ್ತೆ ಮೂರು ವರ್ಷಕ್ಕೆ ಬಂದಿದೆ. ಮೇಷ್ಟ್ರಾಗುವ ಮನಸ್ಸಿದ್ದರೆ ಬಿಎಡ್, ಇಲ್ಲದಿದ್ದರೆ ತೋಳಹುಣಸೆಯ ಶಿವಗಂಗೋತ್ರಿಯಲ್ಲಿ, ಅಂದರೆ ದಾವಣಗೆರೆ ವಿಶ್ವವಿದ್ಯಾಲಯದಲ್ಲಿ, ಎಂಎಸ್ಸಿ.

ಖರ್ಚಿನ ವಿಷಯ. ಮೊದಲು ಹಾಸ್ಟೆಲಿಗೆ ಅರ್ಜಿ ಹಾಕಿ, ಹಿಂದುಳಿದ ವರ್ಗದವರಾದರೆ ಬಿಸಿಎಂ, ಪರಿಶಿಷ್ಟರಾದರೆ ಸಮಾಜ ಕಲ್ಯಾಣ ಇಲಾಖೆಯದು. ಊಟ, ವಸತಿ ಎರಡೂ ಉಚಿತ. ಹಿಂದುಳಿದ ವರ್ಗದ ಹುಡುಗನಿಗೆ ಹಾಸ್ಟೆಲ್ ಸಿಗದಿದ್ದರೆ ‘ವಿದ್ಯಾಸಿರಿ’ ಯೋಜನೆಯಲ್ಲಿ ಊಟ, ವಸತಿಗೆ ತಿಂಗಳಿಗಿಷ್ಟು ಅಂತ ಹತ್ತು ತಿಂಗಳು ದುಡ್ಡು ಕೊಡುತ್ತಾರೆ. ಶುಲ್ಕ ವಿನಾಯಿತಿಗೂ ವಿದ್ಯಾರ್ಥಿವೇತನಕ್ಕೂ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್ಲಿನಲ್ಲೇ ಅರ್ಜಿ. ಜಾತಿ-ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆಯಾ ನೋಡಿ ಈಗಲೇ ನಾಡಕಚೇರಿಯಲ್ಲಿ ಹೊಸದು ಮಾಡಿಸಿ. ಮಗನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಅದೊಂದು ಆಗದೆ ಮಂಜೂರಾದ ದುಡ್ಡು ಬಾರದೆ ಅಲೆದವರ ಪತ್ರ ನಮಗೆ ಪ್ರತಿ ವರ್ಷ ಬರುತ್ತವೆ.

ಅಷ್ಟಾದರೂ ಖಾಸಗಿ ಕಾಲೇಜಿನ ಆಲೋಚನೆ ಇದ್ದರೆ ಒಮ್ಮೆ ಕಣ್ಣಾರೆ ನೋಡಿ ಬನ್ನಿ. ಎರಡು ವರ್ಷದ ಹಿಂದೆ ನನ್ನ ತಂಗಿಯ ಮಗನ ಜೊತೆ ಒಂದು ಕಾಲೇಜಿಗೆ ಹೋಗಿದ್ದೆ. ಹೆಸರು ಬೇಡ. ಸ್ವಾಗತ ಕೊಠಡಿಯಲ್ಲಿ ಎಸಿ, ಗೋಡೆ ತುಂಬ ಕೆಲಸ ಸಿಕ್ಕ ಮಕ್ಕಳ ಫೋಟೊ. ಲ್ಯಾಬ್ ನೋಡಬೇಕು ಅಂದಾಗ ಬೀಗದ ಕೈ ಹುಡುಕಲು ಇಪ್ಪತ್ತು ನಿಮಿಷ ಆಯಿತು. ಬಾಗಿಲ ಬಳಿ ಹಾಜರಿ ಪುಸ್ತಕ ಇತ್ತು, ಕೊನೆಯ ಸಹಿ ಫೆಬ್ರುವರಿಯದು. ನಾವು ಹೋಗಿದ್ದು ಆಗಸ್ಟಿನಲ್ಲಿ. ಮಾತಾಡದೆ ವಾಪಸ್ ಬಂದೆವು. ನೀವೂ ಕೆಲಸದ ದಿನ ಹೋಗಿ, ಕ್ಯಾಂಟೀನಿನಲ್ಲಿ ಕೊನೆ ವರ್ಷದ ಮಕ್ಕಳನ್ನು ಮಾತಾಡಿಸಿ. ಯಾರು ದುಡ್ಡು ಕೇಳಿದರೂ ಕಾಲೇಜಿನ ರಸೀದಿ ಇಲ್ಲದೆ ಒಂದು ರೂಪಾಯಿ ಕೊಡಬೇಡಿ, ಮೈದುನನ ಪರಿಚಯದವರಾದರೂ ಸರಿ.

ಮಗ ಮಾತಾಡುತ್ತಿಲ್ಲ ಅಂದಿರಿ. ಮನೆಯಲ್ಲಿ ಎಕರೆ ಮಾರುವ ಮಾತು ನಡೆಯುವಾಗ ಹದಿನೆಂಟರ ಹುಡುಗ ಏನು ತಾನೇ ಮಾತಾಡಿಯಾನು? ಹೊಲ ಮಾರುವುದಿಲ್ಲ ಅಂತ ಇವತ್ತು ರಾತ್ರಿ ಊಟಕ್ಕೆ ಕೂತಾಗ ಮೊದಲು ಅವನಿಗೆ ಹೇಳಿ. ಆಮೇಲೆ ಏನು ಓದಬೇಕಂತಿದ್ದೀಯ ಅಂತ ಕೇಳಿ, ಅವನು ಹೇಳುವವರೆಗೆ ಕಾಯಿರಿ. ಪಾಲಿಟೆಕ್ನಿಕ್ಕಿಗೆ ಒಂದು ದಿನ ಅವನೇ ಹೋಗಿ ಎಲೆಕ್ಟ್ರಿಕಲ್ ಲ್ಯಾಬ್ ನೋಡಿ, ಲ್ಯಾಟರಲ್ ಎಂಟ್ರಿ ಅರ್ಜಿ ಯಾವಾಗ ಅಂತ ಕೇಳಿಕೊಂಡು ಬರಲಿ.

ಪಿಯುಸಿ ಮಾರ್ಕ್ಸ್ ಕಾರ್ಡ್, ಸಿಇಟಿ ಅರ್ಜಿ ಎರಡರ ಜೆರಾಕ್ಸ್ ನಮ್ಮ ಕಚೇರಿಗೆ ಕಳಿಸಿ. ಮುಂದಿನ ಸಂಚಿಕೆಗೆ ಕಾಯುವುದಿಲ್ಲ, ಬಂದ ದಿನವೇ ಉತ್ತರ ಬರೆಯುತ್ತೇನೆ. ಕಾಗದ ಅವನ ಹೆಸರಿಗೇ ಬರುತ್ತದೆ.

— ಸಂಪಾದಕ